ಹಾಡುವವರಿಗೊಂದು ಕೊಠಡಿ ಕೊಡಿ

ಮಾನ್ಯ ಸಂಪಾದಕರೇ,

ಕಳೆದ ನವೆಂಬರಿನಲ್ಲಿ ನಗರದ ಒಂದು ರಾಜ್ಯೋತ್ಸವ ಸಮಾರಂಭದಲ್ಲಿ ನಾಡಗೀತೆ ಹಾಡಲು ನಮ್ಮ ಗಾನವೃಂದವನ್ನು ಕರೆದಿದ್ದರು. ಮೂರು ವಾರ ಅಭ್ಯಾಸ ಮಾಡಿ, ಇಪ್ಪತ್ತಾರು ಮಂದಿ ಬೆಳಿಗ್ಗೆ ಎಂಟಕ್ಕೇ ಹೋಗಿ ನಿಂತಿದ್ದೆವು. ವೇದಿಕೆ ಹತ್ತಿದ ಮೇಲೆ ಧ್ವನಿವರ್ಧಕ ನೋಡಿಕೊಳ್ಳುತ್ತಿದ್ದ ಹುಡುಗ ಪೆನ್‌ಡ್ರೈವ್ ಸಿಕ್ಕಿಸಿ, "ಮೇಡಂ, ಮೈಕ್ ಆಫ್ ಇರುತ್ತೆ, ಸುಮ್ನೆ ತುಟಿ ಆಡಿಸಿ ಸಾಕು" ಎಂದ. ಅವನನ್ನು ದೂರಲಾರೆ, ಅವನಿಗೆ ಹಾಗೆ ಹೇಳಿಕೊಟ್ಟಿದ್ದರು. ಸಂಘಟಕರ ಮುಖ ನೋಡಿದರೆ ಅವರಿಗೂ ಅದರಲ್ಲಿ ತಪ್ಪೇನೂ ಕಂಡಂತಿರಲಿಲ್ಲ. ನಾವು ಮೈಕಿಲ್ಲದೆಯೇ ಹಾಡಿದೆವು, ಮೊದಲ ಎರಡು ಸಾಲಿನವರಿಗಾದರೂ ಕೇಳಿಸಿರಬಹುದು. ಕೊನೆಗೆ ಎಲ್ಲರಿಗೂ ಒಂದೊಂದು ಶಾಲು ಹೊದಿಸಿ ಕಳುಹಿಸಿದರು. ಅಂದೇ ಬರೆಯಬೇಕೆಂದುಕೊಂಡಿದ್ದ ಪತ್ರವಿದು.

ನಮ್ಮ ವೃಂದ 1993ರಲ್ಲಿ ಬಸವನಗುಡಿ, ಹನುಮಂತನಗರದ ಕಡೆಯ ಏಳೆಂಟು ಮನೆಯವರು ಸೇರಿ ಆರಂಭಿಸಿದ್ದು. ಪ್ರವೇಶ ಶುಲ್ಕವಿಲ್ಲ, ಸಂಭಾವನೆಯಿಲ್ಲ. ನಿವೃತ್ತ ಬ್ಯಾಂಕ್ ನೌಕರರು, ಒಬ್ಬ ದರ್ಜಿ, ಇಬ್ಬರು ನರ್ಸುಗಳು, ಸಾಫ್ಟ್‌ವೇರ್ ಕಂಪನಿಯ ಹುಡುಗ ಹುಡುಗಿಯರು ಮತ್ತು ನನ್ನಂಥ ಮಾಜಿ ಮೇಷ್ಟ್ರುಗಳು ಇದರಲ್ಲಿದ್ದೇವೆ. ಕ್ರಮವಾಗಿ ಸಂಗೀತ ಕಲಿತವರು ಮೂರೋ ನಾಲ್ಕೋ ಮಂದಿ. ಉಳಿದವರು ಸ್ನಾನದ ಮನೆಯಿಂದ ನೇರವಾಗಿ ವೃಂದಕ್ಕೆ ಬಂದವರು.

ಇಂಥವರೆಲ್ಲ ಒಂದಾಗಿ ಹಾಡುವುದು ಹೊರಗಿನವರು ಎಣಿಸುವಷ್ಟು ಸುಲಭವಲ್ಲ. ಶ್ರುತಿಯ ಜಗಳ ಮೊದಲ ದಿನದಿಂದಲೂ ಇದ್ದದ್ದೇ. ಹಾರ್ಮೋನಿಯಂನ ನಾಲ್ಕನೆಯ ಮನೆಯ ಎತ್ತರದ ಶ್ರುತಿ ಹಿಡಿದರೆ ಚರಣ ಮೇಲಿನ ಷಡ್ಜ, ಅಂದರೆ ಮೇಲಿನ 'ಸ', ದಾಟಿದ ಕೂಡಲೇ ಗಂಡಸರ ಗಂಟಲು ಕಟ್ಟುತ್ತದೆ. ಒಂದನೆಯ ಮನೆಗೆ ಇಳಿಸಿದರೆ ಹೆಂಗಸರ ಮಂದ್ರದ ಕೆಳಸ್ವರಗಳು ಕೇಳಿಸುವುದೇ ಇಲ್ಲ. ಹಾಡಿನಿಂದ ಹಾಡಿಗೆ ಚೌಕಾಶಿ ಮಾಡಿಕೊಂಡೇ ಸಾಗಬೇಕು. ಉಸಿರಿನದು ಇನ್ನೊಂದು ಪಾಠ. ದೀರ್ಘವಾದ ಸ್ವರವನ್ನು ಒಬ್ಬರೇ ಹಾಡುವಾಗ ಉಸಿರು ಕಡಿದರೆ ಅದು ತಪ್ಪು. ವೃಂದದಲ್ಲಿ ಪಕ್ಕದವರು ಹಿಡಿದುಕೊಂಡಿರುವಾಗ ನಾನು ಉಸಿರೆಳೆದುಕೊಳ್ಳಬಹುದು, ಅವರು ಎಳೆದುಕೊಳ್ಳುವಾಗ ನಾನು ಹಿಡಿದಿರಬೇಕು. ಅದು ಕೈಗೂಡಲು ಪಕ್ಕದವರಿಗೆ ಕಿವಿ ಕೊಡುವ ಅಭ್ಯಾಸ ಬೇಕು, ಅಭ್ಯಾಸಕ್ಕೆ ವರ್ಷಗಳು ಬೇಕು. ಇನ್ನು ಉಚ್ಚಾರಣೆ: ನಮ್ಮಲ್ಲಿ ಹುಟ್ಟು ಬೆಂಗಳೂರಿನವರ ಬಾಯಲ್ಲಿ ಹಣತೆ 'ಅಣತೆ'ಯಾಗುತ್ತಿತ್ತು. ಅದನ್ನು ತಿದ್ದಿದ್ದು ಕನ್ನಡವನ್ನು ಹೊಸದಾಗಿ ಕಲಿತ, ಪಟ್ನಾದಿಂದ ಬಂದ ಸೊಸೆಯೊಬ್ಬಳು ಎಂಬುದನ್ನು ನಾಚಿಕೆಯಿಂದಲೇ ಹೇಳಬೇಕು. ಆಕೆಗೆ ಹಕಾರ ಸಲೀಸು, ನಮ್ಮ ಳಕಾರ ಕಷ್ಟ. ಹೀಗೆ ಪರಸ್ಪರ ತಿದ್ದಿಕೊಂಡೆವು.

ನಾಡಗೀತೆಯ ವಿಷಯದಲ್ಲಂತೂ ನಮಗೆ ಎರಡನೆಯ ಅಕ್ಷರಾಭ್ಯಾಸವೇ ಆಯಿತು. ಕುವೆಂಪು ಅವರ 'ಜಯ ಭಾರತ ಜನನಿಯ ತನುಜಾತೆ' 2004ರಲ್ಲಿ ನಾಡಗೀತೆಯಾದ ಮೇಲೂ ಯಾವ ಧಾಟಿಯಲ್ಲಿ, ಎಷ್ಟು ಹೊತ್ತು ಹಾಡಬೇಕು ಎಂಬುದು ಬಹುಕಾಲ ಇತ್ಯರ್ಥವಾಗಿರಲಿಲ್ಲ. ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ, ಆಲಾಪವಾಗಲಿ ಪುನರಾವರ್ತನೆಯಾಗಲಿ ಇಲ್ಲದೆ, 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಬೇಕೆಂದು ಸರ್ಕಾರ ಆದೇಶಿಸಿದ್ದು 2022ರ ಸೆಪ್ಟೆಂಬರಿನಲ್ಲಿ. ಸಿ. ಅಶ್ವಥ್ ಅವರ ಧಾಟಿಯನ್ನು ಹೃದಯಕ್ಕೆ ಹಚ್ಚಿಕೊಂಡಿದ್ದ ನಮ್ಮ ಕೆಲವು ಹಿರಿಯರು ಅದನ್ನು ಮರೆಯಲು ಪಟ್ಟ ಪಾಡು ಅಷ್ಟಿಷ್ಟಲ್ಲ. ನಡುವೆ ಎಲ್ಲೋ ಒಂದು ಸಾಲು ಹಳೆಯ ಕಡೆಗೇ ಜಾರುತ್ತಿತ್ತು. ಗಡಿಯಾರ ಇಟ್ಟುಕೊಂಡು ಕಲಿತ ಇದೇ ನಾಡಗೀತೆಗೇ ತುಟಿ ಆಡಿಸಿ ಎಂದರೆ ನೋವಾಗದೆ ಇದ್ದೀತೇ?

ಆದರೆ ವೇದಿಕೆ ನಮ್ಮ ವೃಂದದ ಬದುಕಿನಲ್ಲಿ ಸಣ್ಣ ಭಾಗ. ವರ್ಷಕ್ಕೆ ನಾಲ್ಕೈದು ಕಾರ್ಯಕ್ರಮ ಸಿಕ್ಕರೆ ಹೆಚ್ಚು, ಅದರಲ್ಲೂ ಮುಕ್ಕಾಲು ಪಾಲು ನವೆಂಬರಿನಲ್ಲೇ. ಉಳಿದ ನಲವತ್ತೆಂಟು ಭಾನುವಾರ ನಾವು ಕೇಳುವವರಿಲ್ಲದೆ ನಮಗೆ ನಾವೇ ಹಾಡಿಕೊಳ್ಳುತ್ತೇವೆ. ವೃಂದದ ನಿಜವಾದ ಕೆಲಸ ನಡೆಯುವುದು ಅಲ್ಲಿಯೇ. ಭಾನುವಾರ ಹೇಳದೆ ತಪ್ಪಿಸಿಕೊಂಡವರ ಮನೆಗೆ ಸೋಮವಾರ ಯಾರಾದರೊಬ್ಬರು ಹೋಗಿ ಬರಬೇಕು ಎಂಬುದು ನಮ್ಮಲ್ಲಿ ಎಲ್ಲಿಯೂ ಬರೆದಿಡದ ನಿಯಮ. ಮಕ್ಕಳು ಹೊರದೇಶದಲ್ಲಿದ್ದು, ಗಂಡ ತೀರಿಕೊಂಡು, ಒಂಟಿಯಾಗಿದ್ದ ನಮ್ಮ ಹಿರಿಯ ಸದಸ್ಯೆಯೊಬ್ಬರು ಹೀಗೆ ಒಂದು ಭಾನುವಾರ ಬರಲಿಲ್ಲ. ಮರುದಿನ ಹೋದವರಿಗೆ ಬಾಗಿಲು ತೆರೆಯದಾಗ ಪಕ್ಕದ ಮನೆಯವರ ಬಳಿಯಿದ್ದ ಬೀಗದ ಕೈ ತೆಗೆದುಕೊಂಡು ಒಳಹೊಕ್ಕರೆ, ಅವರು ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ಮೂರು ತಿಂಗಳ ನಂತರ ವಾಕರ್ ಹಿಡಿದು ಬಂದು, ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತರು. ಶ್ರುತಿ ಮಾತ್ರ ಮೊದಲಿನಂತೆಯೇ ಒಂದು ಎಳೆ ಮೇಲೆ.

ಕೋವಿಡ್ ಕಾಲದಲ್ಲಿ ಈ ವ್ಯವಸ್ಥೆ ಕುಸಿಯಿತು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2020ರ ಮಾರ್ಚ್ 10ರಂದು ಅಭ್ಯಾಸಕ್ಕೆ ಸೇರಿದ್ದ ಗಾನವೃಂದವೊಂದರ 61 ಮಂದಿಯಲ್ಲಿ 53 ಮಂದಿಗೆ ಖಚಿತವಾಗಿಯೋ ಬಹುಮಟ್ಟಿಗೋ ಸೋಂಕು ತಗುಲಿ ಇಬ್ಬರು ತೀರಿಕೊಂಡರೆಂಬ ಸುದ್ದಿ ಓದಿದ ಮೇಲೆ, ಲಾಕ್‌ಡೌನ್ ಸಡಿಲವಾದರೂ ಬಹಳ ಕಾಲ ನಾವು ಸೇರಲಿಲ್ಲ. ಮೊಬೈಲಿನಲ್ಲಿ ಒಟ್ಟಿಗೆ ಹಾಡಲು ಹೊರಟರೆ ಒಬ್ಬೊಬ್ಬರ ಧ್ವನಿ ಒಂದೊಂದು ಗಳಿಗೆ ತಡವಾಗಿ ತಲುಪಿ, ಪಲ್ಲವಿಯ ಮೇಲೆ ಅನುಪಲ್ಲವಿ ಬಿದ್ದು ಸಂತೆಯಾಗುತ್ತಿತ್ತು. ಕಡೆಗೆ ಒಬ್ಬರು ಹಾಡುವುದು, ಉಳಿದವರು ಮ್ಯೂಟ್ ಮಾಡಿಕೊಂಡು ತಮ್ಮ ತಮ್ಮ ಮನೆಯಲ್ಲಿ ಹಾಡಿಕೊಳ್ಳುವುದು ಎಂದಾಯಿತು.

ಮತ್ತೆ ಸೇರಿದಾಗ ನಮಗೆ ಜಾಗವಿರಲಿಲ್ಲ. ಇಪ್ಪತ್ತಾರು ವರ್ಷ ಭಾನುವಾರಗಳಂದು ನಮಗೆ ಕೊಠಡಿ ಬಿಟ್ಟುಕೊಟ್ಟಿದ್ದ ಶಾಲೆಯ ಆಡಳಿತ ಬದಲಾಗಿತ್ತು; ಹೊಸಬರು ಮದುವೆಗೆ ಕೇಳುವ ಬಾಡಿಗೆಯನ್ನೇ ಕೇಳಿದರು. ಉದ್ಯಾನಕ್ಕೆ ಹೋದರೆ ಕಾವಲುಗಾರರು ಅನುಮತಿ ಪತ್ರ ಕೇಳುತ್ತಾರೆ. ಎದುರು ಮನೆಯವರಿಗೆ ತೊಂದರೆಯೆಂಬ ದೂರೂ ಒಮ್ಮೆ ಬಂತು. ಶಬ್ದಮಾಲಿನ್ಯ ಕುರಿತ 2000ದ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ತಡೆ ಹಾಕುತ್ತವೆ. ಸಂಜೆ ನಾಲ್ಕಕ್ಕೆ, ಧ್ವನಿವರ್ಧಕವೇ ಇಲ್ಲದೆ, ಒಂದು ಹಾರ್ಮೋನಿಯಂ ಇಟ್ಟುಕೊಂಡು ಹಾಡುವವರನ್ನು ಎಬ್ಬಿಸಲು ಅದೇ ನಿಯಮವನ್ನು ನಮಗೆ ಓದಿ ಹೇಳಿದರು. ಅದೇ ಬೀದಿಯಲ್ಲಿ ಹಬ್ಬದ ಪೆಂಡಾಲಿನ ಡಿ.ಜೆ. ಮಧ್ಯರಾತ್ರಿ ಕಿಟಕಿಯ ಗಾಜು ನಡುಗಿಸುವಾಗ ಓದಿ ಹೇಳಲು ಯಾರೂ ಬರುವುದಿಲ್ಲ.

ಹಾಡಲು ಜಾಗವಿಲ್ಲವೆಂಬ ಕಷ್ಟ ಹೊಸದಲ್ಲ. ಈ ಊರಿನ ಹೆಸರನ್ನೇ ಹೊತ್ತ ಗಾಯಕಿ ಬೆಂಗಳೂರು ನಾಗರತ್ನಮ್ಮನವರು 1920ರ ದಶಕದಲ್ಲಿ ತಮಿಳುನಾಡಿನ ತಿರುವಯ್ಯಾರಿನಲ್ಲಿ ತಮ್ಮ ಗಳಿಕೆಯಿಂದಲೇ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದರು. ಅಲ್ಲಿ ಹೆಣ್ಣುಮಕ್ಕಳಿಗೆ ಹಾಡಲು ಬಿಡದಿದ್ದಾಗ ಹೆಂಗಸರದೇ ಒಂದು ಪಂಗಡ ಕಟ್ಟಿಕೊಂಡು ಹಾಡಿಸಿದರು. ಅವರಿಗಿದ್ದ ಎದೆಗಾರಿಕೆಯಾಗಲಿ ಗಳಿಕೆಯಾಗಲಿ ನಮಗಿಲ್ಲ. ಆದ್ದರಿಂದ ಅರ್ಜಿ ಬರೆಯುತ್ತಿದ್ದೇವೆ.

ಮಹಾನಗರ ಪಾಲಿಕೆ ಹೋಗಿ ಈಗ ಐದು ನಗರ ಪಾಲಿಕೆಗಳಾಗಿವೆ. ಅವುಗಳ ವಾರ್ಡ್ ಕಚೇರಿ, ಸಮುದಾಯ ಭವನಗಳಲ್ಲೂ ಸರ್ಕಾರಿ ಶಾಲೆ, ಸಾರ್ವಜನಿಕ ಗ್ರಂಥಾಲಯಗಳಲ್ಲೂ ಭಾನುವಾರ ಮಧ್ಯಾಹ್ನ ಬೀಗ ಹಾಕಿರುವ ಕೊಠಡಿಗಳು ಬೇಕಾದಷ್ಟಿವೆ. ಹತ್ತು ವರ್ಷಕ್ಕೂ ಮಿಕ್ಕಿ ನಡೆದುಬಂದಿರುವ, ಹಣ ಪಡೆಯದ ಗಾನವೃಂದ, ಭಜನಾ ಮಂಡಳಿ, ಚರ್ಚಿನ ಗಾಯನ ತಂಡ, ಯಾವುದೇ ಇರಲಿ, ವಾರಕ್ಕೆ ಎರಡು ಗಂಟೆ ಅಂಥದೊಂದು ಕೊಠಡಿಯನ್ನು ಬಾಡಿಗೆಯಿಲ್ಲದೆ ಕೊಡಲಿ. ಕಸ ಗುಡಿಸಿ, ದೀಪ ಆರಿಸಿ, ಬೀಗದ ಕೈ ಒಪ್ಪಿಸಿ ಬರುವ ಹೊಣೆ ನಮ್ಮದು. ರಾಜ್ಯೋತ್ಸವದ ಸಂಘಟಕರಲ್ಲಿ ಕೇಳುವುದು ಇನ್ನೂ ಕಡಿಮೆ: ಶಾಲು ಬೇಡ, ಮೈಕ್ ಚಾಲೂ ಇಡಿ. ನಮ್ಮ ಶ್ರುತಿ ತುಸು ಅತ್ತಿತ್ತ ಆದರೂ ಎರಡೂವರೆ ನಿಮಿಷ ಸಹಿಸಿಕೊಳ್ಳಿ.

ಸದ್ಯಕ್ಕೆ ನಮ್ಮ ಅಭ್ಯಾಸ ಹಾರ್ಮೋನಿಯಂ ನುಡಿಸುವವರ ಮನೆಯ ತಾರಸಿಯ ಮೇಲೆ, ಪ್ರತಿ ಭಾನುವಾರ ಸಂಜೆ ನಾಲ್ಕಕ್ಕೆ. ಮಳೆ ಬಂದರೆ ಇರುವುದಿಲ್ಲ. ವಾಕರ್ ಹಿಡಿದು ಬರುತ್ತಿದ್ದವರಿಗೆ ಮೂರು ಮಹಡಿ ಹತ್ತಲಾಗದು. ಅವರು ಕೆಳಗಿನ ಮೆಟ್ಟಿಲ ಮೇಲೆ ಕುಳಿತು ಜೊತೆಗೂಡುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಗಾನವೃಂದದ ಸದಸ್ಯೆ, ನಿವೃತ್ತ ಶಿಕ್ಷಕಿ
ಹನುಮಂತನಗರ, ಬೆಂಗಳೂರು