ಡೊಮಿನಿಕಾಗೆ ಕಕ್ಕಡದಲ್ಲಿ ಹೊರಡಬೇಡಿ

ಮಾನ್ಯ ಸಂಪಾದಕರೇ,

ಮಕ್ಕಳು ಅಮೆರಿಕ, ಕೆನಡಾ ಸೇರಿದ ಮನೆಗಳು ಕೊಡಗಿನಲ್ಲಿ ಈಗ ಕಡಿಮೆಯಿಲ್ಲ. ಮಳೆ ಹಿಡಿಯುವ ಮುಂಚೆ ವಿಮಾನ ಹತ್ತಿ, ಜುಲೈ-ಆಗಸ್ಟ್ ನಡುವಿನ ಜಡಿಮಳೆಯ ತಿಂಗಳಾದ ಕಕ್ಕಡವನ್ನು ಮಗನ ಮನೆಯಲ್ಲಿ ಕಳೆದು, ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ ಊರಿಗೆ ಮರಳುವ ಹಿರಿಯರೂ ಇದ್ದಾರೆ. ಅಲ್ಲಿದ್ದಾಗ ಒಂದು ವಾರ ಕೆರಿಬಿಯನ್ ದ್ವೀಪ ನೋಡಿಬರೋಣ ಎಂದರೆ ಪ್ರವಾಸ ಪುಟಗಳೂ ಏಜೆಂಟರೂ ತೋರಿಸುವುದು ಬಿಳಿ ಮರಳು, ತೆಂಗಿನ ಮರ, ಐಷಾರಾಮಿ ಹಡಗು. ಅದು ಬೇಡ, ಗದ್ದಲವಿಲ್ಲದೆ ಕಾಡು ಬೆಟ್ಟ ಹೊಳೆ ಸಾಕು ಎನ್ನುವವರಿಗೆ ಡೊಮಿನಿಕಾ ಇದೆ. ನೋಡಲು ಕೊಡಗಿನ ಹಾಗೇ ಇರುವ ದ್ವೀಪ. ಹಾಗಿರುವುದರಿಂದಲೇ ನಮ್ಮವರು ಅಲ್ಲಿ ಲೆಕ್ಕ ತಪ್ಪುತ್ತಾರೆ. ಮೊದಲು ತಪ್ಪುವುದು ತಿಂಗಳಿನ ಲೆಕ್ಕ.

ಅಟ್ಲಾಂಟಿಕ್‌ನ ಹರಿಕೇನ್ (ಚಂಡಮಾರುತ) ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಅದರ ಉಗ್ರ ಭಾಗ ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್. ಅಂದರೆ ಕಕ್ಕಡದ ಮಳೆಗೆ ಹೆದರಿ ಓಡಿದವರು ಅದಕ್ಕಿಂತ ದೊಡ್ಡದರ ಬಾಯಿಗೆ ಹೋಗಿ ನಿಲ್ಲುತ್ತಾರೆ. 2015ರ ಆಗಸ್ಟ್‌ನಲ್ಲಿ ಬಂದ ಎರಿಕಾ ಹರಿಕೇನ್ ಕೂಡ ಆಗಿರಲಿಲ್ಲ, ಅದಕ್ಕಿಂತ ಕೆಳಗಿನ ದರ್ಜೆಯ ಬಿರುಗಾಳಿ. ಅದು ಸುರಿಸಿದ ಮಳೆಗೇ ಗುಡ್ಡಗಳು ಜಾರಿ ಪೆಟೀಟ್ ಸವಾನ್ ಎಂಬ ಊರನ್ನು ಪೂರ್ತಿ ಖಾಲಿ ಮಾಡಿಸಬೇಕಾಯಿತು. 2017ರ ಸೆಪ್ಟೆಂಬರ್ 18ರ ರಾತ್ರಿ ಐದನೇ, ಅಂದರೆ ಅತಿ ಉಗ್ರ ದರ್ಜೆಯ ಹರಿಕೇನ್ ಮರಿಯಾ ನೇರ ದ್ವೀಪದ ಮೇಲೆಯೇ ಹಾದುಹೋಯಿತು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಭೂಕುಸಿತ ಕಂಡವರಿಗೆ ನೆನೆದ ಗುಡ್ಡ ಏನು ಮಾಡುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ನಡೆಯಲು ಒಳ್ಳೆಯ ಕಾಲ ಫೆಬ್ರವರಿಯಿಂದ ಏಪ್ರಿಲ್. ಕಾಫಿ ತೋಟವಿದ್ದವರಿಗೆ ಇದು ಇಕ್ಕಟ್ಟಿನ ಸಮಯ ಎಂದು ಗೊತ್ತು. ಫೆಬ್ರವರಿಯಲ್ಲಿ ಕೊಯ್ಲು ಮುಗಿದಿರುವುದಿಲ್ಲ, ಮಾರ್ಚ್‌ನಲ್ಲಿ ಹೂವರಳಿಸುವ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಿಡಿದು ಕೂರಬೇಕು. ಹೂವು ಕಚ್ಚಿ, ಅದರ ಬೆನ್ನಿಗೆ ಬೇಕಾದ ಮಳೆಯೂ ಬಿದ್ದ ಮೇಲೆ ಏಪ್ರಿಲ್‌ನ ಎರಡನೇ ವಾರ ಹೊರಟರೆ ಎರಡೂ ಕಡೆ ಸರಿಹೋಗುತ್ತದೆ. ಒಣ ಹಂಗಾಮು ಎಂದ ಮಾತ್ರಕ್ಕೆ ಮಳೆಯೇ ಇಲ್ಲವೆಂದಲ್ಲ. ಗಾಳಿ ಬೀಸುವ ಬೆಟ್ಟದ ನೆತ್ತಿಯಲ್ಲಿ ವರ್ಷವಿಡೀ ಹನಿಯುತ್ತಲೇ ಇರುತ್ತದೆ. ಜೂನ್ ನಂತರ ಹೋಗಲೇಬೇಕಾದರೆ ವಿಮೆಯನ್ನು ಟಿಕೆಟ್ ತೆಗೆದ ದಿನವೇ ಮಾಡಿಸಿ. ಬಿರುಗಾಳಿಗೆ ಹೆಸರಿಟ್ಟ ಮೇಲೆ ಮಾಡಿಸಿದ ವಿಮೆ ಸಾಮಾನ್ಯವಾಗಿ ಆ ಬಿರುಗಾಳಿಯ ನಷ್ಟ ತುಂಬಿಕೊಡುವುದಿಲ್ಲ. ರೋಗಿಯನ್ನು ಬೇರೆ ದ್ವೀಪಕ್ಕೆ ವಿಮಾನದಲ್ಲಿ ಸಾಗಿಸುವ ಖರ್ಚೂ ಅದರಲ್ಲಿ ಸೇರಿರಲಿ. ಸುಮಾರು 70,000 ಜನರ ದೇಶ, ದೊಡ್ಡ ಚಿಕಿತ್ಸೆಗೆ ಅವರೂ ಹೊರಗೆ ಹೋಗುತ್ತಾರೆ.

ಎರಡನೆಯ ತಪ್ಪು ಹೆಸರಿನದು. ಡೊಮಿನಿಕಾ ಬೇರೆ, ಡೊಮಿನಿಕನ್ ರಿಪಬ್ಲಿಕ್ ಬೇರೆ. ಎರಡನೆಯದು ಸ್ಪ್ಯಾನಿಷ್ ಮಾತಾಡುವ, ರಿಸಾರ್ಟುಗಳ ದೊಡ್ಡ ದೇಶ. ನಾವು ಹೇಳುತ್ತಿರುವುದು ಫ್ರೆಂಚರ ಗ್ವಾಡಲೂಪ್ ಮತ್ತು ಮಾರ್ಟಿನಿಕ್ ನಡುವೆ ಇರುವ, 1978ರ ನವೆಂಬರ್ 3ರಂದು ಬ್ರಿಟಿಷರಿಂದ ಸ್ವತಂತ್ರವಾದ, ಇಂಗ್ಲಿಷ್ ನಡೆಯುವ ದ್ವೀಪ. ಟಿಕೆಟ್ ಮಾಡಿಸುವಾಗ ವಿಮಾನ ನಿಲ್ದಾಣದ ಸಂಕೇತ 'ಡಿಓಎಂ' ಎಂದಿದೆಯೇ ನೋಡಿ. 'ಎಸ್‌ಡಿಕ್ಯೂ' ಎಂದಿದ್ದರೆ ನೀವು ಹೊರಟಿರುವುದು ಸ್ಯಾಂಟೋ ಡೊಮಿಂಗೋಗೆ. ಸೂಟ್‌ಕೇಸಿಗೆ ಕಟ್ಟುವ ಚೀಟಿಯಲ್ಲೂ ಇದನ್ನೇ ಓದಿ ನೋಡಿ. ಜನ ಸರಿಯಾಗಿ ಇಳಿದು ಪೆಟ್ಟಿಗೆ ಆ ಕಡೆ ಹೋಗುವುದುಂಟು.

ಮಯಾಮಿಯಿಂದ ನೇರ ವಿಮಾನ 2021ರ ಡಿಸೆಂಬರ್‌ನಲ್ಲಿ ಶುರುವಾಯಿತು. ಅಮೆರಿಕದಲ್ಲಿರುವ ಮಕ್ಕಳ ಮನೆಯಿಂದ ಹೊರಡುವವರಿಗೆ ಅದೇ ಸುಲಭ, ಆದರೆ ಅಮೆರಿಕದ ವೀಸಾ ಹಲವು ಬಾರಿ ಒಳಬರಲು ಒಪ್ಪುವುದೇ ಆಗಿರಬೇಕು. ಬೆಂಗಳೂರಿನಿಂದಲೇ ಹೊರಡುವವರು ಲಂಡನ್, ಬಾರ್ಬಡೋಸ್ ಹಾದಿ ಹಿಡಿದರೆ ಲಂಡನ್ನಿನಲ್ಲಿ ವಿಮಾನ ಬದಲಿಸಲೂ ವೀಸಾ ಬೇಕಾಗಬಹುದು. ಡೊಮಿನಿಕಾಗೆ ಭಾರತೀಯರಿಗೆ ಮುಂಗಡ ವೀಸಾ ಬೇಡ, ಆದರೂ ಹೊರಡುವ ಮುನ್ನ ನಿಯಮ ಇನ್ನೊಮ್ಮೆ ನೋಡಿಕೊಳ್ಳಿ. ಗ್ವಾಡಲೂಪ್‌ನಿಂದ ದೋಣಿಯಲ್ಲಿ ದಾಟುತ್ತೇವೆ ಎನ್ನುವವರು ಎಡವುವುದು ಇಲ್ಲಿ: ಅದು ಫ್ರಾನ್ಸಿನ ನೆಲವಾದರೂ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ನಡೆಯುವ ಷೆಂಗೆನ್ ವಲಯದೊಳಗಿಲ್ಲ, ಮಾಮೂಲಿ ಷೆಂಗೆನ್ ವೀಸಾ ಅಲ್ಲಿ ನಡೆಯುವುದಿಲ್ಲ. ಬಾರ್ಬಡೋಸ್‌ನಿಂದ ಮುಂದಿನದು ಪುಟ್ಟ ವಿಮಾನ. ತೂಕದ ಮಿತಿ ಕಡಿಮೆ, ತಡವೂ ಮಾಮೂಲಿ. ಎರಡು ಟಿಕೆಟ್ ಬೇರೆ ಬೇರೆಯಾಗಿ ಕೊಂಡಿದ್ದರೆ ಮೊದಲನೆಯದು ತಡವಾದುದಕ್ಕೆ ಎರಡನೆಯವರು ಹೊಣೆಯಲ್ಲ. ನಡುವೆ ಒಂದು ರಾತ್ರಿ ಬಾರ್ಬಡೋಸ್‌ನಲ್ಲಿ ಉಳಿಯುವುದೇ ಅಗ್ಗ.

ದ್ವೀಪದ ವಿಸ್ತೀರ್ಣ ಸುಮಾರು 750 ಚದರ ಕಿ.ಮೀ. ಕೊಡಗು ಅದರ ಐದು ಪಟ್ಟು ದೊಡ್ಡದು. ಅಷ್ಟು ಸಣ್ಣದಾದರೆ ಒಂದು ದಿನದಲ್ಲಿ ಸುತ್ತಬಹುದಲ್ಲ ಎನಿಸುತ್ತದೆ. ಆಗುವುದಿಲ್ಲ. ವಿಮಾನ ನಿಲ್ದಾಣ ಈಶಾನ್ಯದಲ್ಲಿ, ರಾಜಧಾನಿ ರೋಸೋ ನೈಋತ್ಯದಲ್ಲಿ, ನಡುವೆ ಬೆಟ್ಟ. ಕಾರಿನಲ್ಲಿ ಒಂದು ಗಂಟೆಗೂ ಮೇಲೆ. ವಾಹನ ಎಡಗಡೆಯೇ ಓಡುತ್ತದೆ. ತಿರುವುಗಳಲ್ಲಿ ಹಾರ್ನ್ ಹೊಡೆದುಕೊಂಡು ಹೋಗುವುದೂ ತಲಕಾವೇರಿ ರಸ್ತೆಯ ಅಭ್ಯಾಸವಿದ್ದವರಿಗೆ ಹೊಸದಲ್ಲ. ಹೊಸದೆಂದರೆ ಟಾರಿನ ಅಂಚಿಗೇ ಇರುವ ಆಳದ ಕಾಂಕ್ರೀಟ್ ಚರಂಡಿ. ಎದುರಿನ ವಾಹನಕ್ಕೆ ದಾರಿ ಬಿಡಲು ಪಕ್ಕಕ್ಕೆ ಸರಿದರೆ ಎಡಗಾಲಿ ಅದರೊಳಗೆ. ಬಾಡಿಗೆ ಕಾರಿಗೆ ನಮ್ಮ ಲೈಸೆನ್ಸಿನ ಜೊತೆಗೆ ಅಲ್ಲಿನ ತಾತ್ಕಾಲಿಕ ಪರವಾನಗಿಯನ್ನೂ ಪಡೆಯಬೇಕು. ಮಿನಿಬಸ್ಸುಗಳಿವೆ. ತುಂಬಿದ ಮೇಲೆ ಹೊರಡುತ್ತವೆ, ಭಾನುವಾರ ಅಪರೂಪ. ಹಣ ಪೂರ್ವ ಕೆರಿಬಿಯನ್ ಡಾಲರ್. ಒಂದು ಅಮೆರಿಕನ್ ಡಾಲರಿಗೆ 2.70ರಂತೆ ಕಟ್ಟಿಟ್ಟ ದರ. ಎರಡನ್ನೂ ಬಾಯಲ್ಲಿ 'ಡಾಲರ್' ಎಂದೇ ಹೇಳುವುದರಿಂದ ಟ್ಯಾಕ್ಸಿ ಹತ್ತುವ ಮುಂಚೆ ಯಾವುದು ಎಂದು ಕೇಳಿ. ಇಲ್ಲದಿದ್ದರೆ ಇಳಿಯುವಾಗ ಬಾಡಿಗೆ ಎರಡೂಮುಕ್ಕಾಲು ಪಟ್ಟು ಆದೀತು.

ಇನ್ನು ನಡಿಗೆ. ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್ 1,748 ಮೀಟರ್, ಅಲ್ಲಿನ ಅತಿ ಎತ್ತರದ ಮೋರ್ನ್ ಡಿಯಾಬ್ಲೊಟಿನ್ 1,447 ಮೀಟರ್. ಸಂಖ್ಯೆ ನೋಡಿ ಸಲೀಸು ಅಂದುಕೊಳ್ಳಬೇಡಿ. ಹುಲ್ಲುಗಾವಲಿನ ಬೋಳು ನೆತ್ತಿ ಅಲ್ಲಿಲ್ಲ, ತುದಿಯವರೆಗೂ ಕಾಡು. ಬೇರು ಹಿಡಿದು, ಕೈಕಾಲು ಎರಡೂ ಊರಿ ಹತ್ತಬೇಕು.

ಹೆಚ್ಚಿನವರು ಹೋಗುವುದು ಕುದಿಯುವ ಕೆರೆಗೆ. ಅದಿರುವ ಮೋರ್ನ್ ತ್ರ್ವಾ ಪೀಟೋ ರಾಷ್ಟ್ರೀಯ ಉದ್ಯಾನ 1997ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಹೋಗಿಬರಲು 6ರಿಂದ 7 ಗಂಟೆ. ಲೋದಾ ಊರಿನ ಪಕ್ಕ ಟಿಟೂ ಕಮರಿಯ ಬಳಿ ನಡಿಗೆ ಶುರು. ಬೆಳಿಗ್ಗೆ 8ಕ್ಕೆ ಮುಂಚೆ ಹೊರಡಬೇಕು, ಏಕೆಂದರೆ ಸಂಜೆ ಆರರ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ಕಾಡಿನೊಳಗೆ ಅದಕ್ಕೂ ಮೊದಲೇ ಕತ್ತಲು. ಮೊದಲ ಒಂದು ಗಂಟೆ ಮರದ ದಿಮ್ಮಿಯ ಮೆಟ್ಟಿಲುಗಳ ಮೇಲೆ ನಡೆದು ಬ್ರೇಕ್‌ಫಾಸ್ಟ್ ನದಿ ದಾಟುತ್ತೀರಿ. ಬಾಟಲಿ ತುಂಬಿಸಿಕೊಳ್ಳಬೇಕಾದದ್ದು ಇಲ್ಲೇ. ಮುಂದೆ ಕಾಣುವ ಹೊಳೆಗಳೆಲ್ಲ ಗಂಧಕದವು. ತಲೆಗೆ ಕನಿಷ್ಠ ಎರಡು ಲೀಟರ್ ಇರಲಿ. ಆಮೇಲೆ ಮೋರ್ನ್ ನಿಕೋಲ್ಸ್ ಏರು. ಅದರ ನೆತ್ತಿಯಿಂದ ನಿರ್ಜನ ಕಣಿವೆಗೆ ಇಳಿಯುವ ಜೇಡಿಯ ಜಾರು ಇದೆಯಲ್ಲ, ಬಿದ್ದು ಮಣಿಕಟ್ಟು ಮುರಿದುಕೊಳ್ಳುವುದು ಅಲ್ಲೇ. ಇಳಿಯುವಾಗ ಬೆಟ್ಟಕ್ಕೆ ಮುಖ ಮಾಡಿ ಇಳಿಯಿರಿ.

ಕಣಿವೆಯೊಳಗೆ ಕಾಡು ಒಮ್ಮೆಲೇ ನಿಂತುಬಿಡುತ್ತದೆ. ಹಳದಿ, ಬೂದು, ತುಕ್ಕಿನ ಬಣ್ಣದ ನೆಲ, ಅಲ್ಲಲ್ಲಿ ಪಾತ್ರೆಯಲ್ಲಿ ಗಂಜಿ ಕುದಿದ ಹಾಗೆ ಬುಳುಬುಳು ಎನ್ನುವ ಕೆಸರು. ಒಂದು ತೊರೆ ಹಾಲಿನ ಬಿಳುಪು, ಪಕ್ಕದ್ದು ಕಪ್ಪು. ಗಟ್ಟಿ ನೆಲದಂತೆ ಕಾಣುವುದು ಕೆಲವೆಡೆ ಬರೀ ತೆಳು ಪದರ, ಕೆಳಗೆ ಕುದಿಯುವ ನೀರು. ಮಾರ್ಗದರ್ಶಿ ಬೇಕೆನ್ನುವುದು ದಾರಿ ತಪ್ಪುತ್ತದೆಂದಲ್ಲ, ಕಾಲಿಡುವ ಜಾಗ ತಿಳಿದವರು ಮುಂದಿರಬೇಕೆಂದು. ಅವರು ಇಟ್ಟ ಹೆಜ್ಜೆಯಲ್ಲೇ ಹೆಜ್ಜೆ ಇಡಿ. ಬೆಳ್ಳಿ ಸರ, ಕಾಲುಂಗುರ ಕಳಚಿಟ್ಟು ಹೋಗಿ. ಅಲ್ಲಿನ ಗಂಧಕದ ಅನಿಲಕ್ಕೆ ಬೆಳ್ಳಿ ಕಪ್ಪಾಗುತ್ತದೆ.

ಕೆರೆಯ ಅಗಲ ಸುಮಾರು 60 ಮೀಟರ್. ಮಳೆ ನೀರು, ತೊರೆ ನೀರು ಒಂದು ಗುಂಡಿಯಲ್ಲಿ ನಿಂತಿದೆ. ತಳದ ಬಿರುಕಿನಿಂದ ಜ್ವಾಲಾಮುಖಿಯ ಬಿಸಿ ಅನಿಲ ಮೇಲೆ ನುಗ್ಗುತ್ತದೆ, ಅದಕ್ಕೇ ಕುದಿ. ಅಂಚಿನಲ್ಲೇ 82ರಿಂದ 92 ಡಿಗ್ರಿ ಸೆಲ್ಸಿಯಸ್ ಅಳೆದಿದ್ದಾರೆ. ಬೂದು ನೀಲಿ ನೀರು ನಡುವಿನಲ್ಲಿ ಎಗರುವುದು ಹಬೆ ಸರಿದಾಗ ಒಂದಿಷ್ಟು ಹೊತ್ತು ಕಾಣುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತದೆ. ಅಂಚಿಗೆ ಕಟಾಂಜನವಿಲ್ಲ. ಕೆರೆಯ ನೀರು ಇಳಿದಿರುವ ದಿನ ಮಾರ್ಗದರ್ಶಿ ಹೋಗುವುದು ಬೇಡ ಎಂದರೆ ಚೌಕಾಸಿ ಮಾಡಬೇಡಿ. 2004ರ ಕೊನೆಯಲ್ಲಿ ಕೆರೆ ಬರಿದಾಗಿ ಮತ್ತೆ ತುಂಬಿತ್ತು. ಅಂಥ ಹೊತ್ತಿನಲ್ಲಿ ಅನಿಲವೂ ಬಿಸಿನೀರೂ ಯಾವಾಗ ಚಿಮ್ಮುತ್ತದೆಂದು ಹೇಳಲಾಗದು.

ಹೊಳೆಗಳ ವಿಷಯದಲ್ಲೂ ನಮ್ಮ ಅಂದಾಜು ಕೆಡುತ್ತದೆ. ಕಾವೇರಿ ಏರಿದರೆ ದಿನಗಟ್ಟಲೆ ಇಳಿಯುವುದಿಲ್ಲ. ಅಲ್ಲಿನ ಹೊಳೆಗಳು ಗಿಡ್ಡ, ಕಡಿದು, ಜಲಾನಯನವೂ ಪುಟ್ಟದು. ಮೇಲೆ ಮಳೆ ಬಂದರೆ ಅರ್ಧ ಗಂಟೆಯಲ್ಲಿ ಮೊಣಕಾಲಿನ ನೀರು ಸೊಂಟಕ್ಕೆ ಬರುತ್ತದೆ, ಮಳೆ ನಿಂತು ಕೆಲವು ಗಂಟೆಯಲ್ಲಿ ಇಳಿಯುತ್ತದೆ. ನೀರು ಮೊಣಕಾಲು ಮೀರಿದ್ದರೆ, ಅಥವಾ ಬಣ್ಣ ಕೆಂಪಾಗಿ ಕಡ್ಡಿ ಎಲೆ ತೇಲಿಬರುತ್ತಿದ್ದರೆ ದಾಟದೆ ಕಾಯಿರಿ. ಟಿಟೂ ಕಮರಿಯಲ್ಲಿ ಈಜುವವರಿಗೂ ಇದೇ ಮಾತು. ಎರಡು ಗೋಡೆಗಳ ನಡುವೆ ಪ್ರವಾಹ ಬಂದರೆ ಹತ್ತಲು ಜಾಗವಿಲ್ಲ.

ವಾರಗಟ್ಟಲೆ ನಡೆಯುವವರಿಗೆ ವೈಟುಕುಬುಲಿ ಹಾದಿ ಇದೆ: ದಕ್ಷಿಣದ ಸ್ಕಾಟ್ಸ್ ಹೆಡ್‌ನಿಂದ ಉತ್ತರದ ಕ್ಯಾಬ್ರಿಟ್ಸ್‌ವರೆಗೆ ಸುಮಾರು 185 ಕಿ.ಮೀ., 14 ಭಾಗ. ಮರಿಯಾ ನಂತರ ಹಾದಿ ಬಹಳ ಕೆಟ್ಟಿತ್ತು. ಯಾವ ಭಾಗ ತೆರೆದಿದೆ ಎಂದು ಅಲ್ಲಿನ ಅರಣ್ಯ ಇಲಾಖೆಯಲ್ಲಿ ಕೇಳಿಯೇ ಹೊರಡಿ.

ಆನೆಯಿಲ್ಲ, ವಿಷದ ಹಾವಿಲ್ಲ, ನಮ್ಮ ಕಾಡಿನ ಜಿಗಣೆಯೂ ಇಲ್ಲ. ಹೊಗೆಸೊಪ್ಪಿನ ಪುಡಿ, ಉಪ್ಪು ಮನೆಯಲ್ಲೇ ಬಿಡಿ. ಡೆಂಗಿ ಇದೆ, ಹಗಲು ಕಚ್ಚುವ ಸೊಳ್ಳೆಗೆ ಮುಲಾಮು ಒಯ್ಯಿರಿ. ಹೆದರಬೇಕಾದ ಮರ ಒಂದಿದೆ, ಸಮುದ್ರದಂಚಿನ ಮ್ಯಾಂಚಿನೀಲ್. ಹಸಿರು ಸೇಬಿನಂಥ ಸಣ್ಣ ಹಣ್ಣು, ಹಾಲಿನಂಥ ಸೊನೆ. ಹೊಳೆಗೇರಿನ ಸೊನೆ ತಾಗಿ ಮೈ ಸುಟ್ಟುಕೊಂಡವರು ಅದರ ಹತ್ತು ಪಟ್ಟು ಊಹಿಸಿಕೊಳ್ಳಿ. ಹಣ್ಣು ಕಚ್ಚಬಾರದು, ಮಳೆ ಬಂತೆಂದು ಅಡಿಯಲ್ಲಿ ನಿಲ್ಲಲೂಬಾರದು. ಎಲೆಯಿಂದ ತೊಟ್ಟಿಕ್ಕುವ ನೀರೇ ಬೊಬ್ಬೆ ಏಳಿಸುತ್ತದೆ.

ಕಾಲಿಗೆ ಬಿಡುವು ಬೇಕಾದ ದಿನ ಪೋರ್ಟ್ಸ್‌ಮತ್ ಬಳಿಯ ಇಂಡಿಯನ್ ನದಿಯಲ್ಲಿ ಹುಟ್ಟುದೋಣಿ ಹತ್ತಿ. ಅಲ್ಲಿ ಮೋಟಾರು ಬಿಡುವುದಿಲ್ಲ. ಎರಡೂ ದಡದಲ್ಲಿ ಹಲಗೆಯಂಥ ಬೇರು ಚಾಚಿ ನಿಂತಿರುವ ಮರಗಳು ನಮ್ಮ ಹೊನ್ನೆಯ ಕುಲದವು. ಗೀರಿದರೆ ಅದೇ ಕೆಂಪು ಸೊನೆ. ದಕ್ಷಿಣದ ಶಾಂಪೇನ್ ದಿಬ್ಬದಲ್ಲಿ ಸಮುದ್ರದ ತಳದಿಂದ ಸಾಲುಸಾಲು ಗುಳ್ಳೆ ಏಳುತ್ತದೆ, ದಡದಿಂದ ಸ್ವಲ್ಪವೇ ಈಜಿದರೆ ಸಾಕು. ಮರಳಿಲ್ಲ, ಉರುಟು ಕಲ್ಲು. ಹಳೆಯ ಕ್ಯಾನ್ವಾಸ್ ಶೂ ಹಾಕಿಕೊಂಡೇ ನೀರಿಗಿಳಿಯಿರಿ. ಹೊಳೆಯಲ್ಲಿ ಈಜಿ ಬೆಳೆದವರೂ ಲೈಫ್ ಜಾಕೆಟ್ ಬೇಡವೆನ್ನಬೇಡಿ. ಪಶ್ಚಿಮದ ಆಳ ನೀರಿನಲ್ಲಿ ಸ್ಪರ್ಮ್ ತಿಮಿಂಗಿಲಗಳು ವರ್ಷವಿಡೀ ಇವೆ. ಅವುಗಳಿಗಾಗಿ ಸುಮಾರು 800 ಚದರ ಕಿ.ಮೀ. ಕಡಲನ್ನು ಕಾಯ್ದಿಡುವುದಾಗಿ ಸರ್ಕಾರ 2023ರ ನವೆಂಬರ್‌ನಲ್ಲಿ ಘೋಷಿಸಿತು. ದೋಣಿಯಿಂದ ನೋಡಬಹುದು, ಅವುಗಳ ಜೊತೆ ನೀರಿಗಿಳಿಯಲು ಅನುಮತಿ ಬೇಕು.

ಊಟಕ್ಕೆ ಪರದಾಟವಿಲ್ಲ. ಅವರು ಡ್ಯಾಶೀನ್ ಎನ್ನುವುದು ಕೆಸುವಿನ ಗೆಡ್ಡೆ, ಕಲಲೂ ಎನ್ನುವುದು ಅದರ ಸೊಪ್ಪಿನ ಗಟ್ಟಿ ಸಾರು. ಮಾಂಸವೋ ಏಡಿಯೋ ಬಿದ್ದಿರುತ್ತದೆ, ತಿನ್ನದವರು ಮೊದಲೇ ಹೇಳಬೇಕು. ಪೂರ್ವ ತೀರದಲ್ಲಿ ಮೂಲನಿವಾಸಿ ಕಲಿನಾಗೊ ಜನರ ನೆಲವಿದೆ. 1903ರಲ್ಲಿ ಗುರುತಿಸಿದ 3,700 ಎಕರೆ, ಸಮುದಾಯದ ಒಡೆತನ, ಒಬ್ಬರು ಮಾರುವಂತಿಲ್ಲ. ಕೊಡಗಿನ ವಂಶಪಾರಂಪರ್ಯ ಜಮೀನಾದ ಜಮ್ಮಾ ಬಾಣೆಯ ಜಗಳ ಕೇಳಿ ಬೆಳೆದವರಿಗೆ ಅಲ್ಲಿನ ಹಿರಿಯರ ಜೊತೆ ಮಾತಿಗೆ ಅದೊಂದೇ ವಿಷಯ ಸಾಕು. ಬುಟ್ಟಿ ಕೊಳ್ಳುವುದಾದರೆ ಹೆಣೆದವರ ಕೈಯಿಂದಲೇ ಕೊಳ್ಳಿ.

ಕೊನೆಯದಾಗಿ ಬೂಟು. 'ಮೌಂಟನ್ ಚಿಕನ್' ಎಂದು ಕರೆಯುವ ದೊಡ್ಡ ಕಪ್ಪೆ ಆ ದ್ವೀಪದಲ್ಲಿ ಒಂದು ಶಿಲೀಂಧ್ರ ರೋಗದಿಂದ ಹೆಚ್ಚುಕಡಿಮೆ ಅಳಿದೇ ಹೋಗಿದೆ. ಆ ರೋಗ ಹಸಿ ಕೆಸರಿನಲ್ಲೂ ಪ್ರಯಾಣ ಮಾಡುತ್ತದೆ. ಇಲ್ಲಿಂದ ಹೊರಡುವಾಗಲೂ ಅಲ್ಲಿಂದ ಮರಳುವಾಗಲೂ ಬೂಟಿನ ಅಡಿಯ ಸಂದುಗಳನ್ನು ಬ್ರಷ್‌ನಿಂದ ಉಜ್ಜಿ ತೊಳೆದು, ಬಿಸಿಲಿನಲ್ಲಿ ಗರಿಗರಿ ಒಣಗಿಸಿ ಆಮೇಲೆ ಚೀಲಕ್ಕೆ ಹಾಕಿ. ಒದ್ದೆ ಬೂಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದು ನೇರ ತೋಟಕ್ಕಿಳಿಯಬೇಡಿ.

— ಇಬ್ಬರು ಚಾರಣಿಗರು, ಮಡಿಕೇರಿ