ಅಣ್ಣನ ಹೆಸರು ನೀನೇ ನಿಂತು ಬರೆಸು

ಚಿರಂಜೀವಿ ಅಳಿಯನಿಗೆ ನಿನ್ನ ಸೋದರತ್ತೆ ಮಾಡುವ ಆಶೀರ್ವಾದಗಳು.

ನಿನ್ನೆ ನಿನ್ನಪ್ಪನ ಹಾಲುತುಪ್ಪದ ಕಾರ್ಯ ಮುಗಿಸಿಕೊಂಡು ರಾತ್ರಿ ಮನೆ ಸೇರಿದೆ. ದಾರಿಯುದ್ದಕ್ಕೂ ಅಣ್ಣನದೇ ನೆನಪು. ಅಲ್ಲಿದ್ದಾಗಲೇ ನಿನಗೊಂದು ಮಾತು ಹೇಳಬೇಕು ಅಂತಿದ್ದೆ. ಮನೆ ತುಂಬ ಜನ, ನೀನೂ ಮೂರು ದಿನದಿಂದ ಕಣ್ಣು ಮುಚ್ಚಿರಲಿಲ್ಲ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತೆ. ಅದಕ್ಕೇ ಬರೆಯುತ್ತಿದ್ದೇನೆ.

ಮಾತು ಇಷ್ಟೇ ಕಂದ. ಅಣ್ಣನ ಡೆತ್ ಸರ್ಟಿಫಿಕೇಟಿನ ಕೆಲಸ ಯಾರ ಕೈಗೂ ಕೊಡಬೇಡ. ನೀನೇ ಹೋಗು. ಹೆಸರು ಕಂಪ್ಯೂಟರಿಗೆ ಹತ್ತುವ ಮೊದಲು ಒಂದೊಂದು ಅಕ್ಷರ ಓದು. ಈಗ ಇದು ದೊಡ್ಡದಾಗಿ ಕಾಣಿಸೋದಿಲ್ಲ. ನನಗೆ ಕಾಣಿಸುತ್ತೆ, ಯಾಕೆಂದರೆ ನಾನು ಅನುಭವಿಸಿದ್ದೇನೆ.

ನಿಮ್ಮ ಮಾವ 2009ರಲ್ಲಿ ಹೋದಾಗ ನಾನು ನೆಟ್ಟಗೆ ಕೂರುವ ಸ್ಥಿತಿಯಲ್ಲಿರಲಿಲ್ಲ. ಆಸ್ಪತ್ರೆಗೆ ಸೇರಿಸುವಾಗ ಪಕ್ಕದ ಮನೆಯವರು ಚೀಟಿಯಲ್ಲಿ ‘ಸ್ವಾಮಣ್ಣ’ ಅಂತ ಬರೆಸಿದ್ದರು. ಊರೆಲ್ಲ ಅವರನ್ನು ಕರೆಯುತ್ತಿದ್ದುದೇ ಹಾಗೆ, ಅವರದೇನೂ ತಪ್ಪಲ್ಲ. ಆಸ್ಪತ್ರೆಯ ಚೀಟಿಯಿಂದ ವರದಿಗೆ ಹೋಯಿತು, ವರದಿಯಿಂದ ರಿಜಿಸ್ಟರಿಗೆ, ರಿಜಿಸ್ಟರಿನಿಂದ ಸರ್ಟಿಫಿಕೇಟಿಗೆ. ಜಮೀನಿನ ಪಹಣಿಯಲ್ಲಿದ್ದದ್ದು ‘ಪುಟ್ಟಸ್ವಾಮಿ ಬಿನ್ ಕೆಂಪೇಗೌಡ’. ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸೋ ಪೌತಿ ಖಾತೆಗೆ ಅರ್ಜಿ ಕೊಟ್ಟರೆ ‘ಸತ್ತವರು ಸ್ವಾಮಣ್ಣ, ಜಮೀನು ಪುಟ್ಟಸ್ವಾಮಿದು’ ಅಂದರು. ವಿಧವಾ ವೇತನಕ್ಕೆ ಹೋದರೂ ಅದೇ ಮಾತು. ನಾನು ಯಾರ ಹೆಂಡತಿ ಅಂತ ಕಚೇರಿ ಕಚೇರಿಗೆ ಹೋಗಿ ಹೇಳಬೇಕಾಯಿತು. ತಿದ್ದುಪಡಿ ಆಗುವಷ್ಟರಲ್ಲಿ ಹದಿನಾಲ್ಕು ತಿಂಗಳು. ನನ್ನದೊಂದು ಹೇಳಿಕೆ, ಅವರನ್ನು ಬಲ್ಲ ಇಬ್ಬರ ಹೇಳಿಕೆ, ಎರಡೂ ಹೆಸರು ಒಬ್ಬರದೇ ಅನ್ನೋ ಅಫಿಡವಿಟ್ಟು. ಅಷ್ಟೆಲ್ಲ ಆದರೂ ಮೊದಲು ಬರೆದದ್ದನ್ನು ಅಳಿಸಲಿಲ್ಲ. ಹಾಗೆ ಅಳಿಸೋ ಹಾಗೂ ಇಲ್ಲ. ಆ ಸಾಲು ಹಾಗೇ ಇತ್ತು, ಪಕ್ಕದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಸಣ್ಣ ಅಕ್ಷರದಲ್ಲಿ ಪೂರ್ತಿ ಹೆಸರು ಬರೆದು, ತಾರೀಕು ಹಾಕಿ, ಸಹಿ ಮಾಡಿದರು. ಆ ಪುಟ ಇವತ್ತಿಗೂ ಕಣ್ಣ ಮುಂದಿದೆ.

ಅಣ್ಣನ ವಿಷಯದಲ್ಲೂ ಅದೇ ತೊಡಕಿದೆ. ಊರಿಗೆ ಅವನು ಚಂದ್ರಣ್ಣ. ಆಧಾರಿನಲ್ಲಿ ಚಂದ್ರಶೇಖರ. ಅವನೇ ಕೊಂಡ ಆ ಒಂದೆಕರೆಯ ಪಹಣಿಯಲ್ಲಿ ಚಂದ್ರೇಗೌಡ. ಬ್ಯಾಂಕಿನ ಪಾಸ್‌ಬುಕ್ಕು, ಎಲ್‌ಐಸಿ ಬಾಂಡು, ವೋಟರ್ ಕಾರ್ಡು ಎಲ್ಲ ಮಂಚದ ಮೇಲೆ ಹರಡಿಕೊಂಡು ನೋಡು. ಜಾಸ್ತಿ ಕಡೆ ಯಾವ ಹೆಸರಿದೆಯೋ ಅದನ್ನೇ ಬರೆಸು, ಆಧಾರಿಗೆ ಹೊಂದಿದರೆ ಇನ್ನೂ ಒಳ್ಳೆಯದು. ಪಹಣಿಯ ಹೆಸರಿಗೆ ಆಮೇಲೆ ಅಫಿಡವಿಟ್ ಮಾಡಿಸಬಹುದು. ತಾತನ ಹೆಸರು, ಅತ್ತಿಗೆಯ ಹೆಸರು, ಮನೆಯ ವಿಳಾಸ, ತಾರೀಕು, ಇಷ್ಟನ್ನೂ ಒಂದು ಹಾಳೆಯಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದಪ್ಪಕ್ಷರದಲ್ಲಿ ಬರೆದು ಜೇಬಿನಲ್ಲಿಟ್ಟುಕೊ. ಬಾಯಲ್ಲಿ ಹೇಳಿದರೆ ಅವರು ಕೇಳಿಸಿಕೊಂಡ ಹಾಗೆ ಬರೆಯುತ್ತಾರೆ, ಅಲ್ವಾ?

ಎಲ್ಲಿಗೆ ಹೋಗಬೇಕು ಅನ್ನೋದರಲ್ಲೇ ಬಹಳ ಜನ ಎಡವುತ್ತಾರೆ. ನಮ್ಮದು ನಾಗಮಂಗಲ ತಾಲೂಕು ಅಂತ ನೀನು ಊರಿನ ಪಂಚಾಯಿತಿಗೋ ನಾಡಕಚೇರಿಗೋ ಹೋದರೆ ಸುಮ್ನೆ ಅಲೆದಾಟ. ಸಾವು ಎಲ್ಲಿ ಆಯಿತೋ ಅಲ್ಲೇ ಅದನ್ನು ಬರೆಯೋದು. ಅಂತ್ಯಕ್ರಿಯೆ ಊರಿನಲ್ಲಿ ಆದರೂ ಅಷ್ಟೇ. ಅಣ್ಣ ಹೋಗಿದ್ದು ಮೈಸೂರಿನ ಖಾಸಗಿ ಆಸ್ಪತ್ರೆಯಲ್ಲಿ. ಹಾಗಾಗಿ ಆಸ್ಪತ್ರೆಯವರೇ ಮಹಾನಗರ ಪಾಲಿಕೆಗೆ ವರದಿ ಕಳಿಸಬೇಕು, ಸರ್ಟಿಫಿಕೇಟೂ ಅಲ್ಲಿಂದಲೇ. ಮನೆಯಲ್ಲಿ ಹೋಗಿದ್ದರೆ ಮನೆಯವರೇ ತಿಳಿಸಬೇಕಿತ್ತು. ಮೊದಲು ಆಸ್ಪತ್ರೆಯ ರೆಕಾರ್ಡ್ ವಿಭಾಗಕ್ಕೆ ಹೋಗು. ವರದಿ ಹೋಗಿದೆಯಾ, ಯಾವ ಹೆಸರಲ್ಲಿ ಹೋಗಿದೆ ಅಂತ ಕೇಳು. ಹೋಗಿಲ್ಲದಿದ್ದರೆ ನಿನ್ನ ಪುಣ್ಯ, ತಿದ್ದಿಸೋಕೆ ಅದಕ್ಕಿಂತ ಸುಲಭದ ಜಾಗ ಇನ್ನೊಂದಿಲ್ಲ. ಸಾವಿನ ಕಾರಣದ ವೈದ್ಯರ ಪ್ರಮಾಣಪತ್ರದ ಪ್ರತಿಯನ್ನೂ ಅಲ್ಲೇ ಕೇಳಿ ತಗೋ. ಹತ್ತಿರದ ಸಂಬಂಧಿಕರಿಗೆ ಅದನ್ನು ಕೊಡಬೇಕು ಅಂತ ಈಗ ಕಾನೂನಿನಲ್ಲೇ ಇದೆ. ಡೆತ್ ಸರ್ಟಿಫಿಕೇಟಿನಲ್ಲಿ ಕಾರಣ ಬರೆದಿರೋದಿಲ್ಲ, ಆದರೆ ವಿಮೆಯವರು ಕಾರಣ ಕೇಳಬಹುದು.

ದಿನದ ಲೆಕ್ಕ ಮರೆಯಬೇಡ. ಇಪ್ಪತ್ತೊಂದು ದಿನದೊಳಗೆ ತಿಳಿಸಿದರೆ ದಂಡ ಇಲ್ಲ, ಮೊದಲ ಪ್ರತಿಗೂ ದುಡ್ಡಿಲ್ಲ. ಹನ್ನೊಂದನೇ ದಿನ ತಿಥಿ. ಅದು ಮುಗಿಸಿ, ನೆಂಟರನ್ನು ಕಳಿಸಿ, ಸುಸ್ತು ಕಳೆಯುವಷ್ಟರಲ್ಲಿ ಇಪ್ಪತ್ತೊಂದು ಬಂದುಬಿಡುತ್ತೆ. ಅದಕ್ಕೇ ತಿಥಿಗೆ ಮುಂಚೆಯೇ ಒಂದು ದಿನ ಮೈಸೂರಿಗೆ ಹೋಗಿ ಬಾ. ಸೂತಕದಲ್ಲಿ ಕಚೇರಿಗೆ ಹೋಗಬಾರದು ಅಂತ ಯಾರಾದರೂ ಅಂದರೆ ನಾನು ಹೇಳಿದೆ ಅನ್ನು. ಮೂವತ್ತು ದಿನದವರೆಗೆ ಸ್ವಲ್ಪ ದಂಡ ಕಟ್ಟಿದರೆ ಆಗುತ್ತೆ. ಅದು ದಾಟಿದರೆ ಮೇಲಿನ ಅಧಿಕಾರಿಯ ಅನುಮತಿ ಬೇಕು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು.

ಪ್ರತಿಗಳನ್ನು ಜಾಸ್ತಿಯೇ ತಗೋ. ಬ್ಯಾಂಕು, ಎಲ್‌ಐಸಿ, ಅಣ್ಣನ ಪಿಂಚಣಿ, ರೇಷನ್ ಕಾರ್ಡು, ಖಾತೆ, ಎಲ್ಲ ಕಡೆಯೂ ಕೇಳುತ್ತಾರೆ. ಈಗಿನ ಸರ್ಟಿಫಿಕೇಟಿನಲ್ಲಿ ಡಿಜಿಟಲ್ ಸಹಿ ಇರುತ್ತೆ, ಕ್ಯೂಆರ್ ಕೋಡ್ ಇರುತ್ತೆ. ಶಾಯಿಯ ಸಹಿ, ರಬ್ಬರ್ ಸೀಲು ಇಲ್ಲ ಅಂತ ಗಾಬರಿಯಾಗಬೇಡ. ಕೋಡನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿ ಅಣ್ಣನ ವಿವರವೇ ಬರುತ್ತಾ ನೋಡು. ಕಚೇರಿಯ ಹೊರಗೆ ‘ಸಂಜೆಯೊಳಗೆ ಮಾಡಿಸಿಕೊಡ್ತೀನಿ’ ಅಂತ ಬರುವವರಿಗೆ ಒಂದು ರೂಪಾಯಿ ಕೊಡಬೇಡ. ಸುಳ್ಳು ಕಾಗದ ತಂದುಕೊಟ್ಟರೆ ನಿನ್ನ ತಾಯಿ ಅದನ್ನು ಹಿಡಿದು ಬ್ಯಾಂಕಿನ ಮುಂದೆ ನಿಲ್ಲಬೇಕಾಗುತ್ತೆ.

ಇನ್ನು ನಿನ್ನ ತಾತನ ವಿಷಯ. ಇದನ್ನು ಬರೆಯುವಾಗ ನನಗೆ ಕೈ ಓಡುತ್ತಿಲ್ಲ.

ಪಿತ್ರಾರ್ಜಿತ ಜಮೀನು ಇವತ್ತಿಗೂ ಅಪ್ಪನ ಹೆಸರಿನಲ್ಲೇ ಇರೋದು ನಿನಗೆ ಗೊತ್ತು. ಅಪ್ಪನ ಡೆತ್ ಸರ್ಟಿಫಿಕೇಟಿಲ್ಲದೆ ಪೌತಿ ಖಾತೆ ಆಗಲಿಲ್ಲ. ಅಣ್ಣ ಒಮ್ಮೆ ತಾಲೂಕು ಕಚೇರಿಯಲ್ಲಿ ಹುಡುಕಿಸಿದ್ದ. ಹಳ್ಳಿಯ ಹಳೇ ಜನನ ಮರಣ ರಿಜಿಸ್ಟರುಗಳು ಅಲ್ಲಿನ ರೆಕಾರ್ಡ್ ರೂಮಿನಲ್ಲಿರುತ್ತವೆ. ಯಾವ ವರ್ಷ ಅಂತ ನನ್ನನ್ನೇ ಕೇಳಿದ. ‘ಇಂದಿರಾ ಗಾಂಧಿ ಹೋದ ವರ್ಷವೇ ಕಣೋ’ ಅಂದೆ. ಅವನು 1984 ಅಂತ ಅರ್ಜಿ ಕೊಟ್ಟ. ಆ ವರ್ಷದ ರಿಜಿಸ್ಟರಿನಲ್ಲಿ ಇಲ್ಲ ಅಂತ ಕಚೇರಿಯಿಂದ ಲಿಖಿತ ಉತ್ತರ, ಅಂದರೆ ಹಿಂಬರಹ, ಬಂತು. ಅಪ್ಪನ ಸಾವನ್ನು ಯಾರೂ ಬರೆಸೇ ಇಲ್ಲ ಅಂದುಕೊಂಡು ಸುಮ್ಮನಾದ.

ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಅಮ್ಮನ ಟ್ರಂಕು ತೆಗೆದು ಕೂತೆ. ಅವಳ ಧಾರೆ ಸೀರೆಯ ಮಡಿಕೆಯೊಳಗೆ ಅಪ್ಪನ ತಿಥಿ ಕಾರ್ಡು ಸಿಕ್ಕಿತು. ಅಂಚೆಲ್ಲ ಹುಳ ತಿಂದಿದೆ, ಕಾಗದ ಅರಿಶಿನದ ಬಣ್ಣಕ್ಕೆ ತಿರುಗಿದೆ. ಅಕ್ಷರ ಮಾತ್ರ ಚೆನ್ನಾಗಿದೆ. ‘ದಿನಾಂಕ 6-4-1985ನೇ ಶನಿವಾರ ದೈವಾಧೀನರಾದರು’. ಯುಗಾದಿಯಾದ ಹದಿನೈದು ದಿನಕ್ಕೆ ಅಪ್ಪ ಹೋಗಿದ್ದು ನನಗೆ ನೆನಪಿತ್ತು. ಯಾವ ಯುಗಾದಿ ಅನ್ನೋದು ತಪ್ಪಿಹೋಗಿತ್ತು. ಇಂದಿರಾ ಗಾಂಧಿ ಹೋಗಿದ್ದು 84ರ ಅಕ್ಟೋಬರಿನಲ್ಲಿ. ಅಪ್ಪ ಹೋಗಿದ್ದು ಅದಾದ ಐದು ತಿಂಗಳಿಗೆ. ನನ್ನ ಒಂದು ಮಾತಿನಿಂದ ಅಣ್ಣ ಬೇರೆ ವರ್ಷದ ಪುಸ್ತಕ ಹುಡುಕಿಸಿದ. ಅವನಿಗೆ ಇದನ್ನು ಹೇಳೋಕೆ ನನಗೆ ನಾಲ್ಕು ದಿನ ತಡವಾಯಿತು.

ಆದ್ದರಿಂದ ನೀನು ಮತ್ತೆ ಹುಡುಕಿಸಬೇಕು. ಅರ್ಜಿಯಲ್ಲಿ 1985 ಅಂತ ಬರೆದು, ಊರು, ಹೋಬಳಿ, ಅಪ್ಪನ ಹೆಸರು, ಅವರ ತಂದೆಯ ಹೆಸರು ಸೇರಿಸು. 86ನ್ನೂ ನೋಡಿ ಅಂತ ಕೇಳು, ತಡವಾಗಿ ಬರೆಸಿರಲೂಬಹುದು. ವರ್ಷಕ್ಕಿಷ್ಟು ಅಂತ ಹುಡುಕುವ ಶುಲ್ಕ ಕಟ್ಟಿಸಿಕೊಳ್ಳುತ್ತಾರೆ, ಕಟ್ಟು. ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿ ಇಲ್ಲದೆ ಬರಬೇಡ. ಆಗೆಲ್ಲ ಊರಿನಲ್ಲಿ ಯಾರಾದರೂ ಹೋದರೆ ಊರಿನ ಚಾಕರಿಯ ತೋಟಿ ಹೋಗಿ ಗ್ರಾಮ ಲೆಕ್ಕಿಗರಿಗೆ ಹೇಳುತ್ತಿದ್ದ, ಅವರು ಬರೆದುಕೊಳ್ಳುತ್ತಿದ್ದರು. ಹಾಗಾಗಿ ಅಪ್ಪನ ಹೆಸರು ಅಲ್ಲಿ ಇದ್ದೇ ಇರುತ್ತೆ ಅಂತ ನನ್ನ ಮನಸ್ಸು ಹೇಳುತ್ತಿದೆ.

ಸಿಗಲೇ ಇಲ್ಲ ಅಂದರೂ ಕೈ ಚೆಲ್ಲಬೇಡ. ಈ ಸಲದ ಹಿಂಬರಹ ಜೋಪಾನವಾಗಿಟ್ಟುಕೊ, ಮುಂದಿನ ಕೆಲಸಕ್ಕೆ ಅದೇ ಮೊದಲ ಕಾಗದ. ಇಷ್ಟು ಹಳೆಯ ಸಾವನ್ನು ಬರೆಸೋಕೆ ಮೊದಲು ಕೋರ್ಟಿಗೆ ಹೋಗಬೇಕಿತ್ತು. ವಕೀಲರು, ವಾಯಿದೆ, ಅದನ್ನು ಕೇಳಿಯೇ ಅಣ್ಣ ಹೆದರಿದ್ದ. ಈಗ ಹಾಗಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಗೆ ತಿದ್ದುಪಡಿಯಾಗಿ, 2023ರ ಅಕ್ಟೋಬರ್ 1ರಿಂದ ಜಿಲ್ಲಾಧಿಕಾರಿ (ಡಿಸಿ), ಉಪವಿಭಾಗಾಧಿಕಾರಿ (ಎಸಿ) ಅಥವಾ ಡಿಸಿ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರೇ ಆದೇಶ ಮಾಡಬಹುದು. ನಾಗಮಂಗಲದವರಿಗೆ ಎಸಿ ಕಚೇರಿ ಪಾಂಡವಪುರದಲ್ಲಿದೆ. ತಾಲೂಕು ಕಚೇರಿಯಲ್ಲಿ ಕೇಳು, ಅರ್ಜಿ ಯಾರಿಗೆ ಕೊಡಬೇಕು ಅಂತ ಹೇಳುತ್ತಾರೆ. ಸಾವು ಆದದ್ದು ನಿಜವೇ ಅಂತ ಅವರು ವಿಚಾರಿಸುತ್ತಾರೆ. ಈ ಕಾರ್ಡು ಆಗ ಕೆಲಸಕ್ಕೆ ಬರುತ್ತೆ. ಅಪ್ಪನನ್ನು ಹೊತ್ತವರಲ್ಲಿ ಇನ್ನೂ ಇಬ್ಬರು ಊರಿನಲ್ಲಿದ್ದಾರೆ. ಅವರಿಬ್ಬರಿಗೂ ಎಂಬತ್ತು ದಾಟಿದೆ. ಅವರು ಇರುವಾಗಲೇ ಹೇಳಿಕೆ ಬರೆಸಿಕೊ.

ಸರ್ಟಿಫಿಕೇಟು ಬಂದ ಮೇಲೆ ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಹಾಕಬೇಕಾಗುತ್ತೆ. ಅದರಲ್ಲಿ ಹೆಣ್ಣುಮಕ್ಕಳನ್ನು ಬಿಟ್ಟು ಬರೆಸೋದು ನಮ್ಮ ಕಡೆ ರೂಢಿಯಾಗಿಬಿಟ್ಟಿದೆ. ನೀನು ಹಾಗೆ ಮಾಡಬೇಡ. ನನ್ನ ಹೆಸರು, ತೀರಿಕೊಂಡ ನಿನ್ನ ದೊಡ್ಡತ್ತೆಯ ಹೆಸರು, ಅವಳ ಮಕ್ಕಳ ಹೆಸರು ಎಲ್ಲ ಇರಲಿ. ನಿನ್ನ ತಂಗಿಯನ್ನೂ ಸೇರಿಸು. ಪಾಲಿನ ಮಾತು ಆಮೇಲೆ ಕೂತು ಆಡೋಣ, ಅದಕ್ಕಾಗಿ ಹೇಳುತ್ತಿಲ್ಲ. ಅಪ್ಪನಿಗೆ ಎಷ್ಟು ಮಕ್ಕಳಿದ್ದರೋ ಅಷ್ಟೂ ಜನ ಆ ಕಾಗದದಲ್ಲಿರಬೇಕು. ಒಬ್ಬರನ್ನು ಬಿಟ್ಟರೂ ನಾಳೆ ಖಾತೆಗೆ ತಕರಾರು ಬರುತ್ತೆ, ಮನಸ್ಸೂ ಒಡೆಯುತ್ತೆ.

ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟಿದ್ದೇನೆ. ಫೋಟೋ ಇವತ್ತೇ ಕಳಿಸುತ್ತೇನೆ, ಕಾರ್ಡನ್ನು ತಿಥಿಯ ಹಿಂದಿನ ದಿನ ನಾನೇ ತರುತ್ತೇನೆ. ಮೈಸೂರಿಗೆ ಹೋಗುವ ದಿನ ಬೆಳಿಗ್ಗೆ ಒಂದು ಫೋನ್ ಮಾಡು. ವರದಿಯಲ್ಲಿರುವ ಹೆಸರನ್ನು ನನಗೆ ಜೋರಾಗಿ ಓದಿ ಹೇಳು, ಆಮೇಲೆ ಸಹಿ ಮಾಡು. ಅತ್ತಿಗೆ ರಾತ್ರಿ ಊಟ ಬಿಡುತ್ತಿದ್ದಾಳೆ. ಪಕ್ಕದಲ್ಲಿ ಕೂತು ಒಂದು ತುತ್ತಾದರೂ ಉಣ್ಣಿಸು.

ನಿನ್ನ ಅತ್ತೆ