53 ಕೀಲಿಕೈಗಳು: ಕೆನಡಾದ ಬ್ರಾಂಪ್ಟನ್‌ನಲ್ಲಿರುವ ಗೆಳೆಯನಿಗೊಂದು ಪತ್ರ

ಬೀದರ್, ಭಾನುವಾರ ರಾತ್ರಿ

ಗೆಳೆಯಾ,

ನಿನ್ನ ವಾಯ್ಸ್ ಮೆಸೇಜ್ ಮೂರು ಸಲ ಕೇಳಿಸಿಕೊಂಡೆ. ಆಫೀಸಿನಲ್ಲಿ ನಿನ್ನ ಪಕ್ಕ ಕೂರುವ ಸರ್ದಾರ್ ಹುಡುಗ ಡಬ್ಬಿ ಹಂಚಿಕೊಳ್ಳುತ್ತಾನೆ, ಹಿಮ ಬಿದ್ದ ದಿನ ತನ್ನ ಕಾರಿನಲ್ಲಿ ಮನೆಗೆ ಬಿಡುತ್ತಾನೆ, ಆದರೆ ರಸ್ತೆಯಲ್ಲಿ ಖಲಿಸ್ತಾನದ ಬಾವುಟ ಕಂಡ ಕೂಡಲೇ ಇಬ್ಬರೂ ಸುಮ್ನೆ ಕಿಟಕಿ ಕಡೆ ನೋಡುತ್ತೀರಿ ಅಂದೆ. "ಇವರಿಗೆ ನಿಜವಾಗಿ ಏನು ಬೇಕೋ?" ಅಂತ ಕೇಳಿದೆಯಲ್ಲ, ಅದಕ್ಕೆ ವಾಟ್ಸಾಪ್‌ನಲ್ಲಿ ಎರಡು ಸಾಲು ಬರೆದು ಮುಗಿಸಲು ಮನಸ್ಸಾಗಲಿಲ್ಲ. ಹಾಗಾಗಿ ಈ ಉದ್ದನೆಯ ಪತ್ರ. ಬೇರೆಯವರೂ ಓದಲಿ ಅಂತ ಇಲ್ಲೇ ಹಾಕುತ್ತಿದ್ದೇನೆ.

ಖಲಿಸ್ತಾನದ ವಿಷಯ ಮೊದಲೇ ಹೇಳಿಬಿಡುತ್ತೇನೆ. ಸಿಖ್ಖರಿಗೆ ಬೇರೆ ದೇಶ ಬೇಕು ಅನ್ನುವ ಆ ಮಾತನ್ನು ನಾನು ಒಪ್ಪುವುದಿಲ್ಲ. 1985ರ ಜೂನ್ 23ರಂದು ಖಲಿಸ್ತಾನಿಗಳು ಬಾಂಬಿಟ್ಟ ಏರ್ ಇಂಡಿಯಾದ ಕನಿಷ್ಕ ವಿಮಾನದಲ್ಲಿ ಸತ್ತ 329 ಜನರನ್ನು ಮರೆತು ಮಾತಾಡುವುದೂ ನನ್ನಿಂದಾಗದು. ಆದರೆ ಅಲ್ಲಿಂದಲೇ ಶುರು ಮಾಡಿದರೆ ನಿನ್ನ ಗೆಳೆಯನ ಮನೆಯೊಳಗಿನ ಮಾತು ನಿನಗೆ ಎಂದೂ ತಿಳಿಯುವುದಿಲ್ಲ. ಅವರ ಮನೆಗಳಲ್ಲಿ ಅಜ್ಜಿಯರು ಹೇಳುವ ಕತೆ ಅದಕ್ಕಿಂತ 60 ವರ್ಷ ಹಳೆಯದು. ಅದರ ನಡುವೆ ಇರುವುದು ಬಾಂಬೂ ಅಲ್ಲ, ಬಂದೂಕೂ ಅಲ್ಲ. ಒಂದು ಕೀಲಿಕೈ ಗೊಂಚಲು.

ನಾವಿಬ್ಬರೂ ನಮ್ಮೂರ ಗುರುದ್ವಾರ ನಾನಕ್ ಝಿರಾದಲ್ಲಿ ಎಲ್ಲರಿಗೂ ಪುಕ್ಕಟೆ ಬಡಿಸುವ ಲಂಗರ್ ಊಟ ಮಾಡಿಯೇ ಬೆಳೆದವರು. ರಜೆಯಲ್ಲಿ ಸೈಕಲ್ ತುಳಿದುಕೊಂಡು ಹೋಗಿ, ತಲೆಗೆ ಕರವಸ್ತ್ರ ಕಟ್ಟಿಕೊಂಡು, ರೊಟ್ಟಿ ದಾಲ್ ಎರಡೆರಡು ಸಲ ಹಾಕಿಸಿಕೊಳ್ಳುತ್ತಿದ್ದೆವು. ಗುರು ನಾನಕರು ಬಂದು ನೀರು ಹರಿಸಿದ ಜಾಗ ಅಂತ ನಂಬಿಕೆ. 1699ರಲ್ಲಿ ಆನಂದಪುರದಲ್ಲಿ ಗುರು ಗೋಬಿಂದ್ ಸಿಂಗ್ ತಲೆ ಕೊಡುವವರು ಯಾರು ಅಂತ ಕೇಳಿದಾಗ ಎದ್ದು ನಿಂತ ಐವರಲ್ಲಿ ಒಬ್ಬರು ಬೀದರಿನ ಭಾಯಿ ಸಾಹಿಬ್ ಸಿಂಗ್, ಕ್ಷೌರಿಕ ಮನೆತನದವರು. ಇಷ್ಟು ನಮಗೆ ಗೊತ್ತಿತ್ತು. ಮುಂದೆ ಏನಾಯಿತು ಅಂತ ಯಾವ ಮೇಷ್ಟ್ರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

1849ರಲ್ಲಿ ಬ್ರಿಟಿಷರು ಪಂಜಾಬನ್ನು ನುಂಗಿದರು. ಅದನ್ನಾಳಿದ ಮಹಾರಾಜ ರಣಜಿತ್ ಸಿಂಗ್ ತೀರಿಕೊಂಡು ಆಗ ಬರೀ 10 ವರ್ಷ. ರಾಜ್ಯ ಹೋಯಿತು, ಅದರ ಜೊತೆ ಗುರುದ್ವಾರಗಳೂ ಕೈಬಿಟ್ಟವು. ಹಿಂದೆ ಸಿಖ್ಖರು ಕಾಡಿನಲ್ಲಿ ತಲೆಮರೆಸಿಕೊಂಡಿದ್ದ ಕಾಲದಲ್ಲಿ ಗುರುದ್ವಾರಗಳನ್ನು ನೋಡಿಕೊಂಡವರು ಮಹಂತರು. ಅದು ದೊಡ್ಡ ಸೇವೆಯೇ. ಆದರೆ ಹೊಸ ಸರ್ಕಾರ ಜಮೀನಿನ ದಾಖಲೆ ಬರೆಯುವಾಗ ಎಷ್ಟೋ ಕಡೆ ಗುರುದ್ವಾರದ ಹೊಲವನ್ನು ಮಹಂತನ ಹೆಸರಿಗೇ ಬರೆಯಿತು. ಕಾಲುವೆ ಬಂದು ನೆಲಕ್ಕೆ ಬೆಲೆ ಏರಿತು. ಅಪ್ಪನಿಂದ ಮಗನಿಗೆ ಗುರುದ್ವಾರ ಆಸ್ತಿಯಂತೆ ಹೋಗತೊಡಗಿತು. ಅಮೃತಸರದ ದರ್ಬಾರ್ ಸಾಹಿಬ್‌ಗಂತೂ, ಅಂದರೆ ಸ್ವರ್ಣ ಮಂದಿರಕ್ಕೆ, ಸರ್ಕಾರವೇ ಮ್ಯಾನೇಜರ್ ನೇಮಿಸುತ್ತಿತ್ತು. ಜಲಿಯನ್‌ವಾಲಾ ಬಾಗ್ ಅಲ್ಲಿಂದ ಕೂಗಳತೆ ದೂರ. ಆ ಕೊಲೆಯಾದ ಮೇಲೆ ಜನರಲ್ ಡೈಯರ್‌ಗೆ ದರ್ಬಾರ್ ಸಾಹಿಬ್‌ನಲ್ಲೇ ಸಿರೋಪಾ ಹೊದಿಸಿ ಮರ್ಯಾದೆ ಮಾಡಿದರು. ನಿನ್ನ ಮನೆಯ ಮಗುವನ್ನು ಕೊಂದವನಿಗೆ ನಿನ್ನ ಮನೆದೇವರ ಗುಡಿಯಲ್ಲೇ ಶಾಲು ಹೊದಿಸಿದರೆ ಹೇಗಿರುತ್ತದೆ ಹೇಳು.

ಕಟ್ಟೆ ಒಡೆದದ್ದು 1920ರ ಅಕ್ಟೋಬರ್ 12ರಂದು. ಕೀಳು ಜಾತಿ ಅಂತ ದೂರ ಇಟ್ಟಿದ್ದ ಜನ, ಸಿಖ್ಖರಾದ ಮೇಲೆ, ಕಡಾ ಪ್ರಸಾದ್ ಹಿಡಿದುಕೊಂಡು ದರ್ಬಾರ್ ಸಾಹಿಬ್‌ಗೆ ಬಂದರು. ಪೂಜಾರಿಗಳು ಮುಟ್ಟಲಿಲ್ಲ, ಅರ್ದಾಸ್ ಪ್ರಾರ್ಥನೆ ಮಾಡಲು ಒಪ್ಪಲಿಲ್ಲ. ವಾದ ಬೆಳೆಯಿತು. ಕೊನೆಗೆ ಗ್ರಂಥ ಸಾಹಿಬ್ ತೆರೆದೇ ನೋಡೋಣ, ಯಾವ ಪುಟ ಬರುತ್ತದೋ ಅದೇ ತೀರ್ಪು ಅಂದರು. ಬಂದ ಪದ ಆ ಬಡವರ ಪರವಾಗಿತ್ತು. ಗುಂಪು ಅಲ್ಲಿಂದ ಎದುರಿನ ಅಕಾಲ್ ತಖ್ತ್ ಅನ್ನುವ ಸಿಖ್ಖರ ಧರ್ಮಪೀಠಕ್ಕೆ ನಡೆಯಿತು, ಅಲ್ಲಿನ ಪೂಜಾರಿಗಳು ಜಾಗ ಬಿಟ್ಟು ಹೋಗಿದ್ದರು. ನನಗೆ ಇಡೀ ಕತೆಯಲ್ಲಿ ತುಂಬಾ ಇಷ್ಟವಾದ ದಿನ ಇದೇ. ಬಸವಣ್ಣನ ಕಲ್ಯಾಣಕ್ಕೆ ಒಂದೂವರೆ ತಾಸಿನ ದೂರದಲ್ಲಿ ಹುಟ್ಟಿದ ನಮಗೆ ಇದು ಯಾಕೆ ಇಷ್ಟವಾಗುತ್ತದೆ ಅಂತ ಬೇರೆ ಹೇಳಬೇಕಾ?

ಮರುತಿಂಗಳೇ ಗುರುದ್ವಾರಗಳನ್ನು ನೋಡಿಕೊಳ್ಳಲು ಶಿರೋಮಣಿ ಗುರುದ್ವಾರಾ ಪ್ರಬಂಧಕ್ ಕಮಿಟಿ ಹುಟ್ಟಿತು, ಡಿಸೆಂಬರ್‌ನಲ್ಲಿ ಹೋರಾಟಕ್ಕೆ ಅಕಾಲಿ ದಳ. ಒಂದೊಂದೇ ಗುರುದ್ವಾರ ಜನರ ಕೈಗೆ ಬರತೊಡಗಿತು.

ಆಮೇಲೆ ನನ್‌ಕಾನಾ. ಗುರು ನಾನಕರು ಹುಟ್ಟಿದ ಊರು, ಈಗ ಪಾಕಿಸ್ತಾನದಲ್ಲಿದೆ. ಅಲ್ಲಿನ ಮಹಂತ ನಾರಾಯಣ ದಾಸ್ ಬಾಡಿಗೆ ಗೂಂಡಾಗಳನ್ನು ಒಳಗೆ ಇಟ್ಟುಕೊಂಡಿದ್ದ. 1921ರ ಫೆಬ್ರವರಿ 20ರ ಬೆಳಗಿನ ಜಾವ ಲಛ್‌ಮಣ್ ಸಿಂಗ್ ಅವರ ಜಥಾ ಪದ ಹಾಡುತ್ತಾ ಒಳಗೆ ಹೋಯಿತು. ಬಾಗಿಲು ಮುಚ್ಚಿದರು. ಗುಂಡು ಹಾರಿಸಿದರು, ಕತ್ತಿಯಿಂದ ಕಡಿದರು, ಸೀಮೆಎಣ್ಣೆ ಸುರಿದು ಸುಟ್ಟರು. ಸತ್ತವರು ನೂರಕ್ಕೂ ಜಾಸ್ತಿ. ಲಛ್‌ಮಣ್ ಸಿಂಗ್ ಅವರನ್ನು ಜಂಡ್ ಮರಕ್ಕೆ ಕಟ್ಟಿ ಸುಟ್ಟರು ಅನ್ನುತ್ತಾರೆ. ಮಾರ್ಚ್ ಮೊದಲಲ್ಲಿ ಗಾಂಧೀಜಿ ಅಲ್ಲಿಗೆ ಹೋದರು. ಮಹಂತನಿಗೆ ಗಲ್ಲು ಶಿಕ್ಷೆ ಆಯಿತು, ಹೈಕೋರ್ಟಿನಲ್ಲಿ ಅದು ಜೀವಾವಧಿಗೆ ಇಳಿಯಿತು. ಇದರ ಬಗ್ಗೆ ಇನ್ನೂ ಬರೆಯಲು ಕೈ ಬರುವುದಿಲ್ಲ.

ಇಷ್ಟಾದ ಮೇಲೆ ಜನ ಕತ್ತಿ ಹಿರಿದರೆ ಯಾರು ತಪ್ಪು ಅನ್ನುತ್ತಿದ್ದರು? ಸೊಂಟದಲ್ಲಿ ಕಿರ್ಪಾಣ್ ಇರುವ ಜನ. ಕೆಲವರು ಹಿರಿದರು ಕೂಡ, ಬಬ್ಬರ್ ಅಕಾಲಿಗಳು ಅಂತ ಅವರ ಹೆಸರು, ಅವರಲ್ಲಿ ಆರು ಜನರನ್ನು 1926ರಲ್ಲಿ ಗಲ್ಲಿಗೇರಿಸಿದರು. ಆದರೆ ಬಹುಪಾಲು ಜನ ಬೇರೆ ದಾರಿ ಹಿಡಿದರು.

ಈಗ ಕೀಲಿಕೈ. 1921ರ ನವೆಂಬರ್ 7ರಂದು ಅಮೃತಸರದ ಡೆಪ್ಯುಟಿ ಕಮಿಷನರ್ ತನ್ನ ಅಧಿಕಾರಿಯನ್ನು ಕಳಿಸಿ ದರ್ಬಾರ್ ಸಾಹಿಬ್ ತೋಷಾಖಾನೆಯ, ಅಂದರೆ ಖಜಾನೆಯ, 53 ಕೀಲಿಕೈ ಎತ್ತಿಸಿಕೊಂಡು ಹೋದ. ಸರ್ಕಾರ ಹೊಸ ಮ್ಯಾನೇಜರ್ ನೇಮಿಸಿದರೆ ಜನ ಅವನನ್ನು ಒಳಗೇ ಬಿಡಲಿಲ್ಲ. ಸಭೆಗಳಾದವು, ಮುಖಂಡರು ಜೈಲಿಗೆ ಹೋದರು, ಅವರ ಜಾಗಕ್ಕೆ ಬೇರೆಯವರು ಬಂದು ಮಾತಾಡಿ ಅವರೂ ಜೈಲಿಗೆ ಹೋದರು. ಎರಡೂವರೆ ತಿಂಗಳು ಹೀಗೇ ನಡೆಯಿತು. ಕೊನೆಗೆ 1922ರ ಜನವರಿ 19ರಂದು ಸರ್ಕಾರದ ಪ್ರತಿನಿಧಿ ಅದೇ ಕೀಲಿಕೈಗಳನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ತಂದು, ತುಂಬಿದ ಭಕ್ತರ ಸಭೆಯ ಎದುರು, ಕಮಿಟಿಯ ಅಧ್ಯಕ್ಷ ಬಾಬಾ ಖಡಕ್ ಸಿಂಗ್ ಕೈಗೆ ಒಪ್ಪಿಸಿದ. ಸ್ವಾತಂತ್ರ್ಯದ ಮೊದಲ ಯುದ್ಧ ಗೆದ್ದಿರಿ ಅಂತ ಗಾಂಧೀಜಿ ತಂತಿ ಕಳಿಸಿದರು. ಪಂಜಾಬಿಯಲ್ಲಿ ಇದನ್ನು ಚಾಬಿಯಾಂ ದಾ ಮೋರ್ಚಾ ಅನ್ನುತ್ತಾರೆ. ಯೋಚನೆ ಮಾಡು, ಇದು ಧರ್ಮದ ಹೋರಾಟವೋ ರಾಜಕೀಯದ ಹೋರಾಟವೋ? ನನಗೆ ಇದನ್ನು ಎರಡು ಮಾಡಿ ನೋಡಲು ಬರುವುದಿಲ್ಲ. ನನ್ನ ಗುಡಿಯ ಬಾಗಿಲು ತೆಗೆಯಲು ನಾನು ಕಲೆಕ್ಟರನ್ನು ಕೇಳಬೇಕು ಅಂದರೆ ನಾನು ಗುಲಾಮ, ಕೀಲಿ ನನ್ನ ಹತ್ತಿರ ಬಂದರೆ ಅಷ್ಟರ ಮಟ್ಟಿಗೆ ನಾನು ಸ್ವತಂತ್ರ. ಗುರು ಹರಗೋಬಿಂದರು ಎರಡು ಕತ್ತಿ ಕಟ್ಟಿಕೊಂಡರಂತೆ, ಒಂದು ಮೀರಿ, ಒಂದು ಪೀರಿ, ಅಂದರೆ ಒಂದು ಲೋಕದ್ದು ಒಂದು ದೇವರದ್ದು. ಸಿಖ್ಖರು ಮೊದಲಿಂದಲೂ ಹಾಗೇ ಬದುಕಿದವರು.

ಗುರು ಕಾ ಬಾಗ್ ಬಗ್ಗೆ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಮೃತಸರದಿಂದ ಸುಮಾರು 20 ಕಿಲೋಮೀಟರ್ ದೂರದ ಚಿಕ್ಕ ಜಾಗ. ಗುರುದ್ವಾರ ಕಮಿಟಿಗೆ ಬಂದಿತ್ತು, ಪಕ್ಕದ ಜಮೀನು ಮಾತ್ರ ತನ್ನದು ಅಂತ ಮಹಂತ ಹಟ ಹಿಡಿದ. 1922ರ ಆಗಸ್ಟ್‌ನಲ್ಲಿ ಐದು ಜನ ಅಕಾಲಿಗಳು ಲಂಗರ್ ಒಲೆಗೆ ಅಂತ ಅಲ್ಲಿಯ ಒಣ ಜಾಲಿ ಮರ ಕಡಿದರು. ಕಳ್ಳತನ ಅಂತ ಕೇಸು ಹಾಕಿ ಆರು ತಿಂಗಳು ಜೈಲಿಗೆ ಹಾಕಿದರು. ಸೌದೆಗೆ ಆರು ತಿಂಗಳು! ಮರುದಿನದಿಂದ ಇನ್ನಷ್ಟು ಜನ ಸೌದೆಗೆ ಹೊರಟರು. ಜೈಲಿಗೆ ಹಾಕಿ ಹಾಕಿ ಸಾಕಾದ ಪೊಲೀಸರು ಹೊಡೆಯಲು ಶುರು ಮಾಡಿದರು. ಆಮೇಲಿನದು ದಿನವೂ ಒಂದೇ ನೋಟ. ಬೆಳಿಗ್ಗೆ ನೂರು ಜನರ ಜಥಾ ಅಕಾಲ್ ತಖ್ತ್ ಎದುರು ನಿಂತು ಕೈ ಎತ್ತುವುದಿಲ್ಲ, ಬೈಯುವುದಿಲ್ಲ ಅಂತ ಪ್ರತಿಜ್ಞೆ ಮಾಡುತ್ತದೆ. ನಡೆದು ಹೋಗುತ್ತದೆ. ದಾರಿಯಲ್ಲೋ ತೋಟದ ಹತ್ತಿರವೋ ಪೊಲೀಸರು ಲಾಠಿಯಿಂದ ಹೊಡೆಯುತ್ತಾರೆ, ಪ್ರಜ್ಞೆ ತಪ್ಪುವವರೆಗೂ. ಎತ್ತಿ ತಂದು ಔಷಧಿ ಹಚ್ಚುತ್ತಾರೆ. ಮರುದಿನ ಬೇರೆ ನೂರು ಜನ.

ಇವರಲ್ಲಿ ಎಷ್ಟೋ ಜನ ನಾಲ್ಕು ವರ್ಷ ಹಿಂದೆ ಅದೇ ಬ್ರಿಟಿಷ್ ರಾಜನಿಗಾಗಿ ಮಹಾಯುದ್ಧದಲ್ಲಿ ಬಂದೂಕು ಹಿಡಿದವರು. ಹೊಡೆಯುವುದು ಬಾರದ್ದಕ್ಕೆ ಸುಮ್ಮನಿದ್ದವರಲ್ಲ. ಗಾಂಧೀಜಿ ಆಗ ಯರವಡಾ ಜೈಲಿನಲ್ಲಿದ್ದರು. ಅವರ ಗೆಳೆಯ ಸಿ.ಎಫ್. ಆಂಡ್ರ್ಯೂಸ್ ಸೆಪ್ಟೆಂಬರ್ 12ರಂದು ಅಲ್ಲಿಗೆ ಬಂದರು. ಅವರು ಕ್ರೈಸ್ತ ಪಾದ್ರಿ, ಇಂಗ್ಲಿಷ್ ಮನುಷ್ಯ. ಕಪ್ಪು ಪಗಡಿಯ ನಾಲ್ವರು ಕೈಮುಗಿದು ನಿಂತಿದ್ದಾರೆ, ಎದುರಿಗೆ ಎರಡು ಡಜನ್ ಪೊಲೀಸರು. ಹಿತ್ತಾಳೆ ಕಟ್ಟಿದ ಲಾಠಿಯ ಏಟು ಬೀಳುತ್ತದೆ, ಮನುಷ್ಯ ಉರುಳಿ ಬೀಳುತ್ತಾನೆ, ನಿಧಾನಕ್ಕೆ ಏಳುತ್ತಾನೆ, ಮತ್ತೆ ಅದೇ ಜಾಗದಲ್ಲಿ ಕೈಮುಗಿದು ನಿಲ್ಲುತ್ತಾನೆ. ಆಂಡ್ರ್ಯೂಸ್‌ಗೆ ಇವರಲ್ಲಿ ಶಿಲುಬೆಯ ಮೇಲಿನ ಕ್ರಿಸ್ತ ಕಂಡ. ಅವರು ಹೋಗಿ ಗವರ್ನರ್ ಜೊತೆ ಮಾತಾಡಿದರು, ಗವರ್ನರ್ ಬಂದು ನೋಡಿದ, ಹೊಡೆತ ನಿಂತಿತು. ಬಂಧನ ನಿಲ್ಲಲಿಲ್ಲ. ನವೆಂಬರ್ ಹೊತ್ತಿಗೆ ಜೈಲಿಗೆ ಹೋದವರು 5,600ಕ್ಕೂ ಹೆಚ್ಚು. ಕೊನೆಗೆ ಲಾಹೋರಿನ ಸರ್ ಗಂಗಾ ರಾಮ್ ಅನ್ನುವ ಹಿಂದೂ ಎಂಜಿನಿಯರ್ ಆ ಜಮೀನನ್ನು ಮಹಂತನಿಂದ ಗುತ್ತಿಗೆಗೆ ಪಡೆದು, ನನಗೆ ಪೊಲೀಸರ ಅಗತ್ಯವಿಲ್ಲ ಅಂದುಬಿಟ್ಟರು. ಅಲ್ಲಿಗೆ ಮುಗಿಯಿತು.

ಹಾಗೆ ಜೈಲಿಗೆ ಹೊರಟ ಒಂದು ರೈಲು ಹಸನ್ ಅಬ್ದಾಲ್ ದಾಟಿ ಅಟಕ್ ಕಡೆ ಹೋಗುವುದಿತ್ತು. ಅಲ್ಲಿಯ ಪಂಜಾ ಸಾಹಿಬ್ ಗುರುದ್ವಾರದ ಜನ ಕೈದಿಗಳಿಗೆ ರೊಟ್ಟಿ ಮಾಡಿಟ್ಟುಕೊಂಡು ಕಾದರು. ರೈಲು ನಿಲ್ಲುವುದಿಲ್ಲ ಅಂತ ಸ್ಟೇಷನ್ ಮಾಸ್ಟರ್ ಹೇಳಿದ. 1922ರ ಅಕ್ಟೋಬರ್ 30. ಕರಮ್ ಸಿಂಗ್, ಪರ್ತಾಪ್ ಸಿಂಗ್ ಮತ್ತು ಇನ್ನೂ ಕೆಲವರು ಹಳಿಯ ಮೇಲೆ ಕೂತರು. ರೈಲು ಅವರ ಮೇಲೆ ಹರಿದು ನಿಂತಿತು. ಇಬ್ಬರೂ ತೀರಿಕೊಂಡರು. ಕೈದಿಗಳಿಗೆ ಊಟ ಸಿಕ್ಕಿತು. ನಿನ್ನ ಗೆಳೆಯ ದಿನಾ ನಿನಗೆ ಡಬ್ಬಿ ಬಿಚ್ಚಿ ಮೊದಲ ರೊಟ್ಟಿ ಕೊಡುತ್ತಾನೆ ಅಂದಾಗ ನನಗೆ ನೆನಪಾದದ್ದು ಇದೇ ರೈಲು.

ಜೈತೋ ಮೋರ್ಚಾ ಬೇಗ ಹೇಳಿ ಮುಗಿಸುತ್ತೇನೆ. 1923ರಲ್ಲಿ ಪಂಜಾಬಿನ ನಾಭಾ ಸಂಸ್ಥಾನದ ಮಹಾರಾಜ ರಿಪುದಮನ್ ಸಿಂಗ್ ಅವರನ್ನು ಬ್ರಿಟಿಷರು ಗಾದಿಯಿಂದ ಇಳಿಸಿದರು, ಅವರಿಗಾಗಿ ಜೈತೋದಲ್ಲಿ ನಡೆಯುತ್ತಿದ್ದ ಅಖಂಡ ಪಾಠವನ್ನು, ಅಂದರೆ ಗ್ರಂಥ ಸಾಹಿಬ್ ಅನ್ನು ಬಿಡುವಿಲ್ಲದೆ ಓದುವುದನ್ನು, ಅರ್ಧಕ್ಕೆ ತಡೆದರು. ಅದನ್ನು ನೋಡಲು ಹೋದ ಜವಾಹರಲಾಲ್ ನೆಹರು ಅವರನ್ನೂ ಹಿಡಿದು, ಜೊತೆಗಿದ್ದ ಕಾಂಗ್ರೆಸ್ಸಿನ ಕೆ. ಸಂತಾನಂ ಕೈಗೆ ಸೇರಿಸಿ ಬೇಡಿ ಹಾಕಿ ನಾಭಾ ಜೈಲಿಗೆ ತಳ್ಳಿದರು. 1924ರ ಫೆಬ್ರವರಿ 21ರಂದು 500 ಜನರ ಜಥಾ ಮೇಲೆ ಗುಂಡು ಹಾರಿತು. ಆದರೂ ಜಥಾಗಳು ಬರುತ್ತಲೇ ಇದ್ದವು. ನಿಲ್ಲಿಸಿದ್ದು ಒಂದು ಪಾಠ, ಕೊನೆಗೆ 1925ರಲ್ಲಿ ಅಲ್ಲೇ ಕೂತು 101 ಪಾಠ ಮುಗಿಸಿ ಎದ್ದರು.

ಅದೇ ವರ್ಷ ಗುರುದ್ವಾರ ಕಾಯ್ದೆ ಬಂತು. ಗುರುದ್ವಾರಗಳನ್ನು ಜನ ಆರಿಸಿದ ಕಮಿಟಿ ನೋಡಿಕೊಳ್ಳಬೇಕು, ಆ ಚುನಾವಣೆಯಲ್ಲಿ ಹೆಂಗಸರಿಗೂ ಮತ ಉಂಟು. 1925ರಲ್ಲಿ! ಷರತ್ತಿಗೆ ಸಹಿ ಹಾಕಿದವರನ್ನು ಜೈಲಿನಿಂದ ಬಿಡುತ್ತೇವೆ ಅಂದರು. ಕೆಲವರು ಹಾಕಿದರು. ಮುಖಂಡ ತೇಜಾ ಸಿಂಗ್ ಸಮುಂದ್ರಿ ಹಾಕಲಿಲ್ಲ, 1926ರ ಜುಲೈನಲ್ಲಿ ಲಾಹೋರ್ ಜೈಲಿನಲ್ಲೇ ಸತ್ತರು. ಐದು ವರ್ಷದಲ್ಲಿ ಜೈಲಿಗೆ ಹೋದವರು 30 ಸಾವಿರ, ಸತ್ತವರು 400 ಅಂತ ಸಾಮಾನ್ಯವಾಗಿ ಕೊಡುವ ಲೆಕ್ಕ.

ಕಾಯ್ದೆ ಜಾರಿಗೆ ಬಂದ ದಿನ ನವೆಂಬರ್ 1. ಆ ದಿನ ನಮಗೇನು ಅಂತ ನಿನಗೆ ಗೊತ್ತು. 1956ರ ನವೆಂಬರ್ 1ರಂದೇ ನಿಜಾಮನ ಸೀಮೆಯಲ್ಲಿದ್ದ ನಮ್ಮ ಬೀದರ್ ಕನ್ನಡ ನಾಡಿಗೆ ಸೇರಿತು. ಪಂಜಾಬಿ ಮಾತಾಡುವವರು ಕೇಳಿದ್ದೂ ಅದನ್ನೇ, ನಮ್ಮ ಭಾಷೆಗೊಂದು ರಾಜ್ಯ ಅಂತ. ಅವರಿಗೆ ಸಿಗಲಿಲ್ಲ. 1955ರಲ್ಲಿ ಆ ಘೋಷಣೆ ಕೂಗುವುದನ್ನೇ ನಿಷೇಧಿಸಿದರು, ಸಾವಿರಾರು ಜನ ಜೈಲಿಗೆ ಹೋದರು, ಪೊಲೀಸರು ದರ್ಬಾರ್ ಸಾಹಿಬ್ ಆವರಣಕ್ಕೆ ನುಗ್ಗಿದರು. ಪಂಜಾಬ್ ಈಗಿನ ರೂಪಕ್ಕೆ ಬಂದದ್ದು 1966ರ ನವೆಂಬರ್ 1ಕ್ಕೆ, ನಮಗಿಂತ ಸರಿಯಾಗಿ ಹತ್ತು ವರ್ಷ ತಡವಾಗಿ. ನಾವು ಕೇಳಿದರೆ ನಾಡಪ್ರೇಮ, ಅವರು ಕೇಳಿದರೆ ದೇಶ ಒಡೆಯುವ ಮಾತು ಅಂದರೆ ನ್ಯಾಯವಾ?

ಈಗ 1984ರ ಜೂನ್ ನೆನೆಸಿಕೊ. ಉಗ್ರ ಸಿಖ್ ನಾಯಕ ಭಿಂದ್ರನ್‌ವಾಲೆ ಆಯುಧ ಹಿಡಿದವರನ್ನು ದರ್ಬಾರ್ ಸಾಹಿಬ್ ಆವರಣದಲ್ಲಿ ಸೇರಿಸಿಕೊಂಡದ್ದು ದೊಡ್ಡ ತಪ್ಪು ಅಂತ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಆದರೆ ಸೌದೆಗಾಗಿ, ಕೀಲಿಕೈಗಾಗಿ ಅಷ್ಟು ಏಟು ತಿಂದವರ ಮೊಮ್ಮಕ್ಕಳಿಗೆ ಅಕಾಲ್ ತಖ್ತ್ ಮೇಲೆ ಸೇನೆಯ ಟ್ಯಾಂಕ್ ಗುಂಡು ಬಿದ್ದದ್ದು ಹೇಗೆ ಕಂಡಿರಬೇಕು? ಅಕ್ಟೋಬರ್ 31ರಂದು ಸಿಖ್ ಅಂಗರಕ್ಷಕರಿಂದ ಇಂದಿರಾ ಗಾಂಧಿಯವರ ಕೊಲೆ. ಆಮೇಲೆ ದೆಹಲಿಯಲ್ಲಿ ಕೊಂದದ್ದು, ಸರ್ಕಾರಿ ಲೆಕ್ಕದಲ್ಲೇ, 2,733 ಸಿಖ್ಖರನ್ನು. ನಮ್ಮೂರೂ ಶುದ್ಧವಲ್ಲ ಗೆಳೆಯಾ. 1988ರ ಸೆಪ್ಟೆಂಬರ್‌ನಲ್ಲಿ ಇದೇ ಬೀದರ್‌ನಲ್ಲಿ ಓದಲು ಬಂದ ಸಿಖ್ ಹುಡುಗರನ್ನು ಜನ ಹೊಡೆದು ಕೊಂದರು. ನಾವಾಗ ಚಿಕ್ಕವರು. ಕೆಲವು ದಿನ ಹೊರಗೆ ಆಡಲು ಬಿಡಲಿಲ್ಲ ಅನ್ನುವುದಷ್ಟೇ ನೆನಪು. ಯಾಕೆ ಅಂತ ದೊಡ್ಡವರು ಹೇಳಲಿಲ್ಲ. ನನಗೆ ತಿಳಿದದ್ದು ಮೂವತ್ತು ದಾಟಿದ ಮೇಲೆ. ಆಮೇಲೆ ಝಿರಾದಲ್ಲಿ ತಟ್ಟೆ ಹಿಡಿದು ಕೂತಾಗಲೆಲ್ಲ, ಬಡಿಸುವ ಮುದುಕರ ಮುಖ ನೋಡಲು ಕಷ್ಟವಾಗುತ್ತದೆ. ಅವರು ಮಾತ್ರ ಮೊದಲಿನ ಹಾಗೇ ಎರಡನೇ ಸಲವೂ ದಾಲ್ ಹಾಕುತ್ತಾರೆ.

ನಾಳೆ ಆ ಹುಡುಗನ ಹತ್ತಿರ ಬಾವುಟದ ವಿಷಯ ತೆಗೆಯಬೇಡ. ನಿಮ್ಮ ಮುತ್ತಜ್ಜ ಯಾವ ಊರಿನವರು ಅಂತ ಕೇಳು. ಲಾಯಲ್‌ಪುರ, ಶೇಖುಪುರ ಅಂದರೆ ನನ್‌ಕಾನಾ ಕಡೆಯವರು, ದೇಶ ಭಾಗವಾದಾಗ ಎಲ್ಲ ಬಿಟ್ಟು ಬಂದಿರುತ್ತಾರೆ. ಅಮೃತಸರದ ಹಳ್ಳಿ ಅಂದರೆ ಗುರು ಕಾ ಬಾಗ್‌ಗೆ ಮನೆಯಿಂದ ಯಾರಾದರೂ ಹೋಗಿದ್ದರಾ ಅಂತ ಕೇಳು. ಅವನು ಏನು ಹೇಳಿದರೂ ಹಾಗೇ ನನಗೆ ಕಳಿಸು, ವಾಯ್ಸ್ ಮೆಸೇಜ್ ಉದ್ದವಾದರೂ ಪರವಾಗಿಲ್ಲ.

ನಿನ್ನ,
ಬೀದರಿನ ಗೆಳೆಯ